ಅಸಲು ಮುಟ್ಟದವನು

ಶಶಿಧರನ ಜೇಬಿನಲ್ಲಿ ಬಸ್ಸಿಗೆ ಕೊಡಲು ಎಂಟು ರೂಪಾಯಿ ಇರಲಿಲ್ಲ. ಬ್ಯಾಂಕಿನಲ್ಲಿ ಮೂರು ಲಕ್ಷದ ಮೇಲಿತ್ತು. ಹೊರನಾಡಿನ ಬಸ್ಸು ಬಾಳೂರಿನ ತಿರುವಿನಲ್ಲಿ ಅವನೆದುರೇ ನಿಧಾನಿಸಿ, ಅಲ್ಲಿ ಯಾರೂ ನಿಂತಿಲ್ಲವೆಂಬಂತೆ ಮುಂದೆ ಹೋಯಿತು. ಅವನು ಕೈ ಅಡ್ಡ ಹಿಡಿದಿರಲಿಲ್ಲ, ನಿಜ. ಆದರೆ ಮೊದಲೆಲ್ಲ ಕಂಡಕ್ಟರ್ ತಲೆ ಹೊರಗೆ ಹಾಕಿ ಬರುತ್ತೀರಾ ಎಂದು ಕೇಳುತ್ತಿದ್ದ.

ತೋಟದ ಒಳದಾರಿ ಹಿಡಿದ. ಅಂದು ಮಹಾಲಯ ಅಮಾವಾಸ್ಯೆ. ಗುಡ್ಡದಾಚೆ ಅಣ್ಣ ನಾಗೇಶನ ಮನೆಯಲ್ಲಿ ಸತ್ತ ಹಿರಿಯರಿಗೆ ಎಡೆ ಇಡುವ ದಿನ. ಮೂರು ವರ್ಷದಿಂದ ಅವನು ಹೋಗಿರಲಿಲ್ಲ. ಹೋದರೆ ಅವ್ವನಿಗೆ ಹಣ್ಣು, ಅಣ್ಣನ ಮಗಳಿಗೆ ಏನಾದರೊಂದು ಒಯ್ಯಬೇಕು. ಈ ಸಲ ಬರಿಗೈಯಲ್ಲೇ ಹೊರಟಿದ್ದ. ಹಸಿವು ಅಷ್ಟಿತ್ತು.

ತೊಂಬತ್ತೇಳರಲ್ಲಿ ಕಾಫಿ ಬೆಲೆ ಏರಿ ಕೂತಿದ್ದಾಗ ತನ್ನ ಪಾಲಿನ ಎರಡೂವರೆ ಎಕರೆಯನ್ನು ನಾಗೇಶನಿಗೇ ಮೂರು ಲಕ್ಷಕ್ಕೆ ಮಾರಿದ್ದ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸವನ್ನೂ ಅದೇ ವಾರ ಬಿಟ್ಟ. ಹನ್ನೊಂದು ವರ್ಷ ಧಣಿಯ ಜಗಲಿಯ ಕೆಳಗೆ ನಿಂತು ಸಂಬಳಕ್ಕೆ ಕೈಯೊಡ್ಡಿದ್ದು ಸಾಕಾಗಿತ್ತು. ಬ್ಯಾಂಕಿನಲ್ಲಿಟ್ಟ ಹಣಕ್ಕೆ ನೂರಕ್ಕೆ ಹನ್ನೆರಡರಂತೆ ಬಡ್ಡಿ, ತಿಂಗಳಿಗೆ ಮೂರು ಸಾವಿರ. ಹೆಂಡತಿ ಮಕ್ಕಳಿಲ್ಲದ ಒಬ್ಬ ಗಂಡಸಿಗೆ ಇನ್ನೆಷ್ಟು ಬೇಕು?

"ಅಸಲು ಮುಟ್ಟದೆ ಇದ್ರೆ ಸಾಯೋ ತಂಕ ಯಾರ ಮುಂದೂ ನಿಲ್ಲೋದು ಬೇಡ ಮಾರಾಯ," ಎಂದು ಬಾಳೂರಿನ ಅಂಗಡಿಯ ಓಂಕಾರಮೂರ್ತಿಗೆ ಹೇಳಿದ್ದ.

"ಯಾವಾಗ ಸಾಯ್ತೀಯ ಅಂತ ಬ್ಯಾಂಕಿನೋರಿಗೆ ಹೇಳಿದೀಯಾ?" ಎಂದು ಓಂಕಾರಮೂರ್ತಿ ನಕ್ಕಿದ್ದ.

ಬಡ್ಡಿ ಇಳಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹನ್ನೆರಡು ಇದ್ದದ್ದು ಹತ್ತಾಯಿತು, ಎಂಟಾಯಿತು, ಈ ವರ್ಷ ಆರಕ್ಕೂ ಕೆಳಗೆ ಬಂತು. ಶಶಿಧರ ಅಸಲು ಮುಟ್ಟಲಿಲ್ಲ. ಬದಲಿಗೆ ತಾನು ಇಳಿದ. ಬೈಕು ಮಾರಿದ. ಮಾಂಸ ಬಿಟ್ಟ. ಕಾಫಿ ಸೀಮೆಯಲ್ಲಿದ್ದುಕೊಂಡು ಕಾಫಿ ಬಿಟ್ಟ. ಬಲ್ಬು ಹಾಕುವುದನ್ನು ನಿಲ್ಲಿಸಿದ ಮೇಲೆ ಕತ್ತಲೆ ಅಷ್ಟೇನೂ ಕತ್ತಲೆಯಲ್ಲ ಎಂದು ಗೊತ್ತಾಯಿತು. ಮುಂದೆ ಬಡ್ಡಿ ಇನ್ನೂ ಇಳಿದರೆ ಎಂಬ ಭಯಕ್ಕೆ, ಬಂದ ಬಡ್ಡಿಯಲ್ಲೇ ಅರ್ಧ ಉಳಿಸಿ ಅಸಲಿಗೆ ಸೇರಿಸತೊಡಗಿದ. ದಿನಕ್ಕೆ ಒಂದೇ ಊಟ. ಮನುಷ್ಯನಿಗೆ ಬೇಕಾದ್ದು ಎಷ್ಟು ಕಡಿಮೆ ಎಂದು ಕಂಡು ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಹಳ್ಳದ ಹತ್ತಿರ ಪಂಚೆ ಎತ್ತಿ ಜಿಗಣೆ ನೋಡಿಕೊಂಡ. ಒಂದೂ ಇರಲಿಲ್ಲ. ಒದ್ದೆ ತರಗೆಲೆಯಲ್ಲಿ ಒಂದು ಗಂಟೆ ನಡೆದಿದ್ದರೂ ಇರಲಿಲ್ಲ. ಆಚೆ ಬಂಡೆಯ ಮೇಲೆ ಕೂತಿದ್ದ ಇಬ್ಬರು ಆಳು ಹೆಂಗಸರು ಕಾಲಿಗೆ ಸುಣ್ಣ ಹಚ್ಚಿ ಜಿಗಣೆ ಕಿತ್ತೆಸೆಯುತ್ತಿದ್ದರು. ಮೀನಖಂಡದ ತುಂಬ ರಕ್ತ.

"ಭಾರಿ ಇದಾವಲ್ಲ?" ಎಂದು ಕೇಳಿದ. ಮಾತಾಡಿ ಎಷ್ಟೋ ದಿನವಾಗಿತ್ತು. ದನಿ ಹೊರಟಿತೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. ಅವರು ತಲೆ ಎತ್ತಲಿಲ್ಲ. ಒಬ್ಬಳು ಸೆರಗು ಎಳೆದುಕೊಂಡು, "ಇದ್ಯಾಕೆ ಹಿಂಗೆ ಚಳಿ ಬಂತೇ," ಎಂದಳು.

ಅಣ್ಣನ ಮನೆ ಮುಟ್ಟುವಾಗ ಹೊತ್ತು ಇಳಿದಿತ್ತು. ಮುಂಬಾಗಿಲು ಮುಚ್ಚಿದ್ದು ತೋಟದ ಅಂಚಿನಿಂದಲೇ ಕಂಡಿತು. ಎಡೆ ಇಟ್ಟಮೇಲೆ ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ಕೂರುವುದು ಪದ್ಧತಿ. ಶಶಿಧರ ಹುಡುಗನಾಗಿದ್ದಾಗಿನಂತೆ ಹಿತ್ತಲಿನಿಂದ ಒಳಗೆ ಹೋದ. ಬಚ್ಚಲೊಲೆಯ ಬಳಿ ಮಲಗಿದ್ದ ನಾಯಿ ತಲೆ ಎತ್ತಿ ಮೂಸಿ, ಮತ್ತೆ ತಲೆ ಇಟ್ಟಿತು.

ನಡುಮನೆಯಲ್ಲಿ ದೀಪ. ದೀಪದ ಮುಂದೆ ಸಾಲಾಗಿ ಬಾಳೆಲೆ. ಅಜ್ಜನ ಎಲೆಯ ಪಕ್ಕ ಹೊಗೆಸೊಪ್ಪು. ಅಪ್ಪನ ಎಲೆಯ ಪಕ್ಕ ಬ್ರಾಂದಿ. ಬಾಣಂತನದಲ್ಲಿ ಸತ್ತ ಅತ್ತೆಯದಕ್ಕೆ ಬಳೆ. ಮನೆಯಲ್ಲಿ ಸತ್ತವರು ಅಷ್ಟೇ. ಆದರೆ ಇನ್ನೊಂದು ಎಲೆಯಿತ್ತು: ಕಡುಬು, ಕೋಳಿಸಾರು, ಪಕ್ಕದಲ್ಲಿ ಮಡಿಸಿಟ್ಟ ಹೊಸ ಅಂಗಿ. ಯಾರದೆಂದು ಯೋಚಿಸುವ ಮೊದಲೇ ಅವನ ಕೈ ಕಡುಬು ಮುರಿದಿತ್ತು. ಒಂದು ತಿಂದು ಏಳೋಣವೆಂದುಕೊಂಡ. ಏಳಲಿಲ್ಲ.

ಎಲೆ ಖಾಲಿಯಾಗುವಾಗ ಜಗಲಿಯಿಂದ ಮಾತು ಕೇಳಿಸಿತು.

"ಅಜ್ಜೀ, ಆ ಕೊನೆ ಎಲೆ ಯಾರ್ದು?" ಅಣ್ಣನ ಮಗಳು ಧನ್ಯಾ.

"ನಿನ್ ಚಿಕ್ಕಪ್ಪಂದು."

"ಅವ್ವಾ, ಬದುಕಿದ್ದೋನಿಗೆ ಎಡೆ ಇಡ್ತಾರಾ? ನಾಕು ಜನ ಕೇಳಿದ್ರೆ ಉಗೀತಾರೆ," ನಾಗೇಶ ರೇಗಿದ.

"ಬದುಕಿದ್ದಿದ್ರೆ ನೀ ಹೋದಾಗ ಬಾಗ್ಲು ತೆಗೀತಿರ್ಲಿಲ್ವೇನೋ?" ಎಂದಳು ಅವ್ವ ದ್ಯಾವಮ್ಮ. "ಅಷ್ಟು ಕೂಗಿದೆ ಅಂದೆ. ಒಲೆ ತಣ್ಣಗಿತ್ತು ಅಂತ ನೀನೇ ಹೇಳ್ದೆ."

ಶಶಿಧರನಿಗೆ ಆ ದಿನ ನೆನಪಿತ್ತು. ಬಾಗಿಲ ಹಿಂದೆಯೇ ಉಸಿರು ಹಿಡಿದು ಕೂತಿದ್ದ. ಅಣ್ಣ ಒಳಗೆ ಬಂದರೆ ಕಾಫಿ, ಸಕ್ಕರೆ, ಮಧ್ಯಾಹ್ನದ ಊಟ. ನಾಗೇಶ ಮೂರು ಸಲ "ತಮ್ಮಾ" ಎಂದು ಕೂಗಿ, ಕಿಂಡಿಯಲ್ಲಿ ಇಣುಕಿ, ಹೋಗಿದ್ದ.

"ಇವತ್ತು ಎಲೆ ಮುಟ್ಟಿದ್ರೆ ಹೋಗಿದಾನೆ ಅಂತ ಲೆಕ್ಕ," ದ್ಯಾವಮ್ಮ ಹೇಳುತ್ತಿದ್ದಳು. "ಇಟ್ಟಂಗೇ ಇದ್ರೆ ಬದುಕಿದಾನೆ. ನಾಳೆ ಬೆಳಗಾಗ್ತಲೇ ನಾನೇ ಬಾಳೂರಿಗೆ ಹೋಗಿ ಬಾಗ್ಲಲ್ಲಿ ಕೂರ್ತೀನಿ. ಎಷ್ಟು ದಿನ ತೆಗಿಯಲ್ಲ ನೋಡ್ತೀನಿ."

ಶಶಿಧರ ಎದ್ದ. ಬೆರಳಿನ ಸಾರು ಪಂಚೆಗೆ ಒರೆಸಿಕೊಂಡು ಮುಂಬಾಗಿಲಿಗೆ ಬಂದ. ಬಾಗಿಲ ಮೇಲೆ ಕೈ ಇಟ್ಟ. ಒಂದು ಸಲ ನೂಕಿದರೆ ಆಯಿತು. ಬಾಗಿಲ ಸಂದಿಯಲ್ಲಿ ಅವ್ವನ ಬೆನ್ನು ಕಾಣುತ್ತಿತ್ತು, ಬಾಗಿ ಚಿಕ್ಕದಾಗಿತ್ತು. "ಅವ್ವ" ಎನ್ನಲು ಬಾಯಿ ತೆರೆದ.

"ಇದ್ರೆ ಕರ್ಕೊಂಡೇ ಬರಾಣ ಬಿಡು," ನಾಗೇಶನ ದನಿ ಮೆತ್ತಗಾಗಿತ್ತು. "ತೋಟದ ಲೆಕ್ಕ ನೋಡ್ಕೊಂಡು ಬಿದ್ದಿರ್ಲಿ. ಊಟ ಹಾಕಿ, ತಿಂಗ್ಳಾ ತಿಂಗ್ಳಾ ಕೈಗೆ ಏನಾದ್ರೂ ಕೊಟ್ರಾಯ್ತು."

"ಕೇಳಿದಾಗ ಕೊಡು ಮತ್ತೆ. ಸತಾಯಿಸ್ಬೇಡ."

"ಕೇಳ್ಲಿ, ಕೊಡ್ತೀನಿ."

ಬಾಗಿಲ ಮೇಲಿದ್ದ ಕೈ ಕೆಳಗಿಳಿಯಿತು. ಸತ್ತವರಿಗೆ ವರ್ಷಕ್ಕೊಂದು ಹೊಟ್ಟೆ ತುಂಬ ಊಟ, ಒಂದು ಅಂಗಿ. ಯಾರನ್ನೂ ಕೇಳಬೇಕಾಗಿಲ್ಲ. ಆಮೇಲೆ ನಡುಮನೆಗೆ ಮರಳಿ, ಬಗ್ಗಿ, ಅಂಗಿ ಎತ್ತಿಕೊಂಡು ಹಿತ್ತಲಿನಿಂದ ಹೊರಗೆ ಹೋದ.

ದ್ಯಾವಮ್ಮ ಪದ್ಧತಿಯಂತೆ ಮೂರು ಸಲ ಕೆಮ್ಮಿ ಬಾಗಿಲು ತೆಗೆದಳು. ದೀಪ ಹಾಗೇ ಉರಿಯುತ್ತಿತ್ತು. ನಾಗೇಶ ಹೊಸಿಲು ದಾಟದೆ ನಿಂತುಬಿಟ್ಟ. ದ್ಯಾವಮ್ಮ ಹೋಗಿ ಕೊನೆಯ ಎಲೆಯ ಮುಂದೆ ಕೂತಳು. ಅಳಲಿಲ್ಲ, ಎಲೆಯನ್ನು ತನ್ನ ಕಡೆಗೆ ಮಡಿಸಿದಳು, ಉಂಡವರ ಎಲೆ ಮಡಿಸುವ ಹಾಗೆ.

ಧನ್ಯಾ ಅಜ್ಜಿಯ ಹೆಗಲ ಮೇಲಿಂದ ಇಣುಕಿದಳು. ಉಳಿದ ಎಲೆಗಳಲ್ಲಿ ಇಟ್ಟದ್ದು ಇಟ್ಟಂತೆಯೇ ಇತ್ತು. ಈ ಎಲೆಯಿಂದ ಹೋದದ್ದು ಆರು ಕಡುಬು, ಒಂದು ಬಟ್ಟಲು ಕೋಳಿಸಾರು, ಒಂದು ಅಂಗಿ.