ಗಾಜಿನ ಮೇಲೆ ಒಂದೇ ಗೀರು

ತನ್ನ ಚಿತ್ರದ ಮೊದಲ ಎರಡು ನಿಮಿಷಗಳನ್ನು ಅವಳು ಹದಿನೇಳು ಸಲ ಬಿಚ್ಚಿ ಹದಿನೇಳು ಸಲ ಜೋಡಿಸಿದ್ದಳು. ಎರಡೇ ಎರಡು ನಿಮಿಷ! ಅಷ್ಟು ಹೊತ್ತಿನಲ್ಲಿ ಒಂದು ಲೋಟ ಬಿಸಿನೀರು ಕೂಡ ಆರುವುದಿಲ್ಲ. ಆದರೆ ಅವಳ ಸ್ವಭಾವವೇ ಹಾಗೆ. ಮನೆಯಲ್ಲಿ ಅವಳಿಗೆ ಚಡಪಡಿ ಎಂದೇ ಹೆಸರು. ತೊಟ್ಟಿಲಲ್ಲಿದ್ದಾಗಲೂ ಒಂದು ಮಗ್ಗುಲಿಗೆ ಮಲಗಿದವಳಲ್ಲ ಎಂದು ತಾಯಿ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಸಿನಿಮಾ ಶಾಲೆಗೆ ಸೇರಿದರೂ ಆ ಹೆಸರು ಬೆನ್ನು ಬಿಡಲಿಲ್ಲ.

ಕೊನೆಯ ವರ್ಷದ ಪರೀಕ್ಷೆಗೆಂದು ಅವಳು ತನ್ನ ಅಪ್ಪನ ಮೇಲೆ ಎಂಟು ನಿಮಿಷದ ಚಿತ್ರ ಮಾಡಿದ್ದಳು. ಅಪ್ಪನದು ಗಾಜು ಕತ್ತರಿಸುವ ಅಂಗಡಿ. ಕಿಟಕಿ ಗಾಜು, ಕನ್ನಡಿ, ಪಟದ ಗಾಜು, ಏನು ಕೇಳಿದರೂ ಅಳತೆಗೆ ಕತ್ತರಿಸಿ ಕೊಡುತ್ತಾನೆ. ಚಿತ್ರದ ಹೆಸರು 'ಅಪ್ಪನ ಕೈ'. ಹನ್ನೊಂದು ಮಂದಿಯ ಚಿತ್ರಗಳಲ್ಲಿ ನಾಲ್ಕನ್ನು ಮಾತ್ರ ದೊಡ್ಡ ಸಭಾಂಗಣದಲ್ಲಿ ತೋರಿಸುತ್ತಾರೆ. ಆರಿಸುವ ಮಹನೀಯರು ಒಂದೊಂದು ಚಿತ್ರದ ಮೊದಲ ಎರಡು ನಿಮಿಷ ನೋಡುತ್ತಾರೆ, ಅಷ್ಟೇ. ಹೋದ ವರ್ಷದ ಅವಳ ಚಿತ್ರ ಈ ಆಯ್ಕೆಯಲ್ಲಿ ಬಿದ್ದುಹೋಗಿತ್ತು. ಈ ವರ್ಷ ಬಿದ್ದರೆ ಇನ್ನೊಂದು ವರ್ಷವಿಲ್ಲ. ಇದೆಲ್ಲ ಗೊತ್ತಿದ್ದೂ ಈ ಹುಡುಗಿ ಏನು ಮಾಡಿದಳು ಗೊತ್ತೆ? ಚಿತ್ರ ಮುಗಿಯುವ ಮೊದಲೇ, "ಅಪ್ಪಾ, ಮೊದಲನೇ ಸಾಲಲ್ಲಿ ನಿನಗೊಂದು ಕುರ್ಚಿ" ಎಂದು ಮಾತು ಕೊಟ್ಟುಬಿಟ್ಟಳು. ಅಪ್ಪ ಮರುದಿನವೇ ತನ್ನ ಬಿಳಿ ಅಂಗಿಯನ್ನು ತಾನೇ ಇಸ್ತ್ರಿ ಮಾಡಿ ನೇತುಹಾಕಿದ. "ಹೋಗಿ ಬನ್ನಿ, ಅಂಗಡಿ ನಾನು ನೋಡ್ಕೋತೀನಿ" ಎಂದಳು ಅಮ್ಮ.

ಚಿತ್ರ ಒಪ್ಪಿಸುವ ಕೊನೆಯ ಗಂಟೆ ಇವತ್ತು ಸಂಜೆ ಐದು. ಈಗ ಬೆಳಗಿನ ಹತ್ತೂವರೆ. ಚಡಪಡಿ ಸಂಕಲನದ ಕೋಣೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದಳು. ಮೇಜಿನ ಮೇಲೆ ನಿನ್ನೆಯ ಪ್ರದರ್ಶನದ ಚೀಟಿಗಳು.

ಆ ಚೀಟಿಗಳ ಪದ್ಧತಿ ಸಂಕಲನದ ಮೇಷ್ಟ್ರದು. ಚಿತ್ರ ನೋಡಿದವರು ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬರೆಯುವ ಹಾಗಿಲ್ಲ. ಹೀಗೆ ಮಾಡು, ಹಾಗೆ ಮಾಡು ಎಂದು ಬುದ್ಧಿ ಹೇಳುವ ಹಾಗೂ ಇಲ್ಲ. ಎಷ್ಟನೇ ಸೆಕೆಂಡಿನಲ್ಲಿ ನಿಮ್ಮ ಗಮನ ಜಾರಿತು, ಆಗ ಮನಸ್ಸಿಗೆ ಏನು ಬಂತು, ಇಷ್ಟನ್ನು ಬರೆದು ಎದ್ದು ಹೋಗಬೇಕು. ಒಳ್ಳೆಯ ಪದ್ಧತಿಯೇ. ಆದರೆ ಬುದ್ಧಿ ಹೇಳುವುದನ್ನು ಬಿಡು ಎಂದರೆ ಜನ ಊಟ ಬಿಟ್ಟಾರು, ಅದನ್ನು ಬಿಟ್ಟಾರೆಯೇ? 'ಆರಂಭ ನಿಧಾನ' ಎಂದು ಒಬ್ಬ ಬರೆದಿದ್ದ. ಅವಳು ವೇಗ ಹೆಚ್ಚಿಸಿದಳು. 'ಉಸಿರಾಡಲು ಬಿಡು' ಎಂದು ಇನ್ನೊಬ್ಬಳು. ನಿಧಾನ ಮಾಡಿದಳು. 'ಸಂಗೀತ ಬೇಕು', ಹಾಕಿದಳು. 'ಸಂಗೀತ ಬಲವಂತವಾಗಿ ಅಳು ಬರಿಸುತ್ತಿದೆ', ತೆಗೆದಳು. ಹೀಗೇ ಹದಿನೇಳು ಆರಂಭಗಳಾದವು. ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದವರನ್ನು ನಾವು ಹಟಮಾರಿ ಎನ್ನುತ್ತೇವೆ. ಎಲ್ಲರ ಮಾತನ್ನೂ ಹಾಕಿಕೊಳ್ಳುವವರ ಪಾಡು ಅದಕ್ಕಿಂತ ಕಷ್ಟ.

ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಪ್ಪಿದ್ದರು. ನಲವತ್ತೊಂದನೇ ಸೆಕೆಂಡಿನಲ್ಲಿ ಆ ಗೀರು ಬಂದಾಗ ಯಾರ ಗಮನವೂ ಜಾರಿರಲಿಲ್ಲ! ಮೇಜಿನ ಮೇಲೆ ಗಾಜಿನ ಹಾಳೆ. ನೀಲಿ ಕೋಟಿನ ತೋಳು, ಬೆರಳ ತುದಿ ಕತ್ತರಿಸಿದ ಕಂದು ಕೈಗವಸು. ಪುಟ್ಟ ಚಕ್ರದ ಕತ್ತಿ ಗಾಜಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಓಟ ಓಡುತ್ತದೆ. ಲಟಕ್. ಗಾಜು ಎರಡು. ಹದಿನೇಳು ಆರಂಭಗಳಲ್ಲೂ ಆ ಗೀರು ಉಳಿದಿತ್ತು. ಅದೊಂದನ್ನೇ ಅವಳು ನಾನೂರು ಸಲವಾದರೂ ನೋಡಿದ್ದಳು.

ಇವತ್ತು ಬೆಳಗ್ಗೆ ಚೀಟಿಗಳ ತಳದಲ್ಲಿ ಇನ್ನೊಂದು ಸಿಕ್ಕಿತು. ದುಂಡು ಅಕ್ಷರ. ಪ್ರದರ್ಶನ ಕೋಣೆಯಲ್ಲಿ ಪ್ರೊಜೆಕ್ಟರ್ ನಡೆಸುವ ಅಕ್ಕನದು. 'ನಲವತ್ತೊಂದನೇ ಸೆಕೆಂಡು. ಕೈ ಬೇರೆಯಾಯಿತು. ಮೊದಲಿನ ತುಂಡು ದೃಶ್ಯಗಳಲ್ಲಿ ಇರುವವರು ಕತ್ತಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಇವರು ತೋರುಬೆರಳನ್ನು ಉದ್ದಕ್ಕೆ ನೀಡಿ ಒತ್ತುತ್ತಾರೆ. ಇವರು ಯಾರು ಎಂದು ಯೋಚಿಸುತ್ತಾ ಮುಂದಿನದನ್ನು ನೋಡಲಿಲ್ಲ.'

ಚಡಪಡಿಗೆ ರೇಗಿಹೋಯಿತು. ಚೀಟಿ ಹಿಡಿದು ದಡದಡ ಮೆಟ್ಟಿಲು ಹತ್ತಿದಳು.

"ಅಕ್ಕಾ, ಏನಿದು? ನಮ್ಮಪ್ಪನ ಅಂಗಡೀಲಿ ನಮ್ಮಪ್ಪ ಬಿಟ್ಟು ಇನ್ಯಾರು ಗಾಜು ಕತ್ತರಿಸ್ತಾರೆ?"

ಅಕ್ಕ ಮಸೂರ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. "ನಂಗೇನು ಗೊತ್ತಮ್ಮ? ಕಂಡದ್ದು ಬರೆದೆ. ಇಪ್ಪತ್ತು ವರ್ಷದಿಂದ ಈ ಕಿಂಡೀಲಿ ನೋಡ್ತಾ ಇದ್ದೀನಿ, ಕೈ ಬದಲಾದ್ರೆ ಗೊತ್ತಾಗಲ್ವಾ?"

"ನಾನು ಮಗಳು ಅಕ್ಕಾ! ನಂಗೆ ಗೊತ್ತಾಗಲ್ವಾ?"

"ಹೋಗಿ ನೋಡು ಮತ್ತೆ. ಜಗಳ ಆಮೇಲೆ ಆಡೋಣ."

ಕೆಳಗೆ ಬಂದಾಗ ಧ್ವನಿ ವಿಭಾಗದ ಗೆಳೆಯ ಕಾಯುತ್ತಿದ್ದ. ಅವನನ್ನು ಎಲ್ಲರೂ ಕರೆಯುವುದು ಕಿವಿ ಎಂದು. "ಆ ಗೀರಿನ ಹಿಂದೆ ಅಂಗಡಿಯ ಸದ್ದು ಸಾಲ್ತಾ ಇಲ್ಲ ಕಣೇ. ಆ ತುಣುಕಿನ ತಲೆಭಾಗ, ಗೀರಿಗೆ ಮುಂಚೆ ನೀನು ಕತ್ತರಿಸಿ ಬಿಟ್ಟಿರೋದು, ಹಾಕು, ಅಲ್ಲಿಂದ ಸ್ವಲ್ಪ ತಗೋತೀನಿ."

"ತಲೆಭಾಗದಲ್ಲಿ ಏನೂ ಇಲ್ಲ."

"ನೋಡಿದ್ದೀಯಾ?"

ಅವಳು ನಾಲಿಗೆ ಕಚ್ಚಿಕೊಂಡಳು. ನೋಡಿರಲಿಲ್ಲ. ಮೊದಲ ವರ್ಷದ ಮೊದಲ ದಿನವೇ ಮೇಷ್ಟ್ರು ಹೇಳಿದ್ದರು, ತೆಗೆದದ್ದನ್ನೆಲ್ಲ ತಲೆಯಿಂದ ಬಾಲದವರೆಗೆ ಒಮ್ಮೆ ನೋಡಿ, ಆಮೇಲೆ ಕತ್ತರಿ ಮುಟ್ಟಿ ಎಂದು. ಎಲ್ಲರೂ ತಲೆಯಾಡಿಸಿದ್ದರು. ಆದರೆ ಯಾರು ನೋಡುತ್ತಾರೆ? ಬೆರಳಿನಿಂದ ಸರ್ರನೆ ಮುಂದಕ್ಕೆ ಓಡಿಸಿ, ಚೆನ್ನಾಗಿರುವ ಕಡೆ ನಿಂತು, ಅಷ್ಟನ್ನು ಕಿತ್ತುಕೊಳ್ಳುವುದು. ಈ ತುಣುಕನ್ನು ಅವಳು ತಾನೇ ತೆಗೆದದ್ದೂ ಅಲ್ಲ. ಕ್ಯಾಮೆರಾವನ್ನು ಮೇಜಿನ ಮೇಲ್ಗಡೆ ಕಟ್ಟಿ, "ಕೆಂಪು ಗುಂಡಿ ಒತ್ತು ಅಪ್ಪಾ, ಕೆಲಸ ಮಾಡು, ಮುಗಿದ ಮೇಲೆ ಮತ್ತೆ ಒತ್ತು" ಎಂದು ಹೇಳಿ ವಾರವಿಡೀ ಅಂಗಡಿಯಲ್ಲೇ ಬಿಟ್ಟಿದ್ದಳು.

ತಲೆಭಾಗ ಹಾಕಿದಳು. ಆರು ನಿಮಿಷ ಇತ್ತು.

ಅಪ್ಪನ ಕೈ ಬಂತು. ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿತು. ಹೆಬ್ಬೆರಳಿನಿಂದ ಒತ್ತಿ ಎಳೆಯಿತು. ಅರ್ಧ ದಾರಿಯಲ್ಲಿ ಕೈ ನಡುಗಿ ಗೀರು ಸೊಟ್ಟಗಾಯಿತು, ಗಾಜು ಎಲ್ಲೆಲ್ಲೋ ಸೀಳಿತು. ಇನ್ನೊಂದು ಹಾಳೆ. ಅದೂ ಹಾಗೇ. ಮೂರನೆಯದು. ಗಾಜಿನ ಚೂರುಗಳ ನಡುವೆ ಆ ಕೈ ಸುಮ್ಮನೆ ಕೂತಿತು. ಕೂತಲ್ಲೇ ನಡುಗುತ್ತಿತ್ತು.

"ಬಾರೇ ಇಲ್ಲಿ" ಎಂದಿತು ಅಪ್ಪನ ಧ್ವನಿ. "ಮಗು ಚಿತ್ರ ಹಾಳಾಗತ್ತೆ."

ಚಪ್ಪಲಿಯ ಸದ್ದು. ನೀಲಿ ಕೋಟು ಒಂದು ಮೈಯಿಂದ ಇಳಿದು ಇನ್ನೊಂದು ಮೈ ಏರಿತು. ಕೈಗವಸನ್ನು ಅಪ್ಪನೇ ಹಾಕಿಕೊಟ್ಟ. ಆಮೇಲೆ ಆ ತೋರುಬೆರಳು ಕತ್ತಿಯ ಮೇಲೆ ಉದ್ದಕ್ಕೆ ಮಲಗಿತು.

ಆ ಬೆರಳನ್ನು ಈಗ ಅವಳು ನೋಡಿದಳು. ಚಿಕ್ಕಂದಿನಲ್ಲಿ ಶಾಲೆಗೆ ಹೋಗುವ ಪ್ರತಿ ಬೆಳಗ್ಗೆ ಬಾಚಣಿಗೆಯ ಮೇಲೆ ಹಾಗೇ ಉದ್ದಕ್ಕೆ ನೀಡಿ, ಹಣೆಯಿಂದ ಹಿಂದಲೆಯವರೆಗೆ ಒಂದೇ ಎಳೆತಕ್ಕೆ ಬೈತಲೆ ತೆಗೆಯುತ್ತಿದ್ದ ಬೆರಳು. "ಅಲುಗಾಡಬೇಡ ಚಡಪಡಿ, ಸೊಟ್ಟ ಆಗತ್ತೆ" ಎನ್ನುತ್ತಿದ್ದಳು ಅಮ್ಮ.

ಪರದೆಯ ಮೇಲೆ ಗಾಜು ಲಟಕ್ಕೆಂದಿತು. ಅಮ್ಮನ ಧ್ವನಿ ಕೇಳಿತು. "ಅವಳು ಇದನ್ನೆಲ್ಲ ನೋಡಲ್ವಾ?"

"ಅವಳಿಗೆಲ್ಲಿದೆ ಅಷ್ಟು ತಾಳ್ಮೆ? ಚೆನ್ನಾಗಿರೋದನ್ನ ಮಾತ್ರ ತಗೋತಾಳೆ ಬಿಡು."

ಕಿವಿ ತನ್ನ ಹೆಡ್‌ಫೋನನ್ನು ಮೆಲ್ಲಗೆ ತೆಗೆದಿಟ್ಟ. ಅವಳ ಚೀಲ ತಂದು ಮುಂದಿಟ್ಟ. ಒಳ್ಳೆಯ ಹುಡುಗ. ಚಡಪಡಿ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿದಳು. ಅವಳಿಗೆ ನಾಚಿಕೆಯಾಗಿತ್ತು. ಅಪ್ಪನ ಮೇಲೆ ಸಿಟ್ಟು ಬರಬಹುದಿತ್ತು, ಬರಲಿಲ್ಲ. ನಾಚಿಕೆಯೇ ಮೈ ತುಂಬಿತ್ತು.

ಬಸ್ಸಿನಲ್ಲಿ ಕೂರಲು ಜಾಗವಿದ್ದರೂ ನಿಂತೇ ಬಂದಳು. ಪ್ರತಿ ನಿಲ್ದಾಣದಲ್ಲೂ ಗಡಿಯಾರ ನೋಡಿದಳು. ಅಂಗಡಿಗೆ ಬಂದಾಗ ಒಂದೂವರೆ. ಗಿರಾಕಿಯೊಬ್ಬ ಕಿಟಕಿಯ ಅಳತೆ ಹೇಳುತ್ತಿದ್ದ. ಅಪ್ಪ ಗಂಭೀರವಾಗಿ ಬರೆದುಕೊಂಡು, "ಹತ್ತು ನಿಮಿಷ" ಎಂದು ಒಳಕೋಣೆಯ ಬಟ್ಟೆ ಪರದೆಯ ಹಿಂದೆ ಹೋದ. ಅಮ್ಮ ಮುಂದಿನ ಮೇಜು ಬಿಟ್ಟು, ಒಲೆ ಆರಿಸಲು ಹೋಗುವವಳಂತೆ ಅವನ ಹಿಂದೆಯೇ ಹೋದಳು. ಸರ್ರ್, ಲಟಕ್. ಅಪ್ಪ ಗಾಜು ಹಿಡಿದು ಹೊರಗೆ ಬಂದ. ಗಿರಾಕಿ ಅಂಚಿನ ಮೇಲೆ ಬೆರಳಾಡಿಸಿ, "ನಿಮ್ಮ ಕೈಯೇ ಕೈ" ಎಂದ. ಎಷ್ಟು ಸಲ ಅವಳು ಇದನ್ನು ನೋಡಿದ್ದಳೋ! ಕಣ್ಣೆದುರಿಗೇ ನಡೆದಿತ್ತು.

ಗಿರಾಕಿ ಹೋದ ಮೇಲೆ ಲ್ಯಾಪ್‌ಟಾಪ್ ತೆರೆದು ಗಾಜಿನ ಮೇಜಿನ ಮೇಲೆ ಇಟ್ಟಳು. ಆರು ನಿಮಿಷವನ್ನೂ ತೋರಿಸಿದಳು.

ಅಪ್ಪನ ಮುಖ ಗಂಟಿಕ್ಕಿತು. "ಇದು ಬೇಡ. ಮೊದಲಿಂದ ಇದ್ದದ್ದನ್ನೇ ಕೊಡು."

"ಅದು ಸುಳ್ಳು ಅಪ್ಪಾ. 'ಅಪ್ಪನ ಕೈ' ಅಂತ ಹೆಸರಿಟ್ಟು ಅಮ್ಮನ ಕೈ ತೋರಿಸ್ಲಾ?"

"ಯಾರಿಗೆ ಗೊತ್ತಾಗತ್ತೆ?"

"ನಾನು ನಾನೂರು ಸಲ ನೋಡ್ದೆ. ಗೊತ್ತಾದದ್ದು ಪ್ರೊಜೆಕ್ಟರ್ ಅಕ್ಕನಿಗೆ."

"ಅವಳ್ಯಾರೋ ಒಬ್ಳು! ಇದನ್ನ ಸಭೇಲಿ ತೋರಿಸಿದ್ರೆ ಊರೆಲ್ಲ ಸುದ್ದಿ. ಕೈ ನಡುಗೋನ ಅಂಗಡಿಗೆ ಆಮೇಲೆ ಯಾರು ಬರ್ತಾರೆ?"

ಅಮ್ಮ ಅಲ್ಲಿಯವರೆಗೆ ಚೂರು ಗುಡಿಸುತ್ತಿದ್ದಳು. ಈಗ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಎರಡು ವರ್ಷದಿಂದ ನಾನೇ ಕತ್ತರಿಸ್ತಾ ಇದ್ದೀನಲ್ಲ, ಯಾರು ಬರೋದು ಬಿಟ್ಟಿದ್ದಾರೆ ಹೇಳಿ?"

ಅಪ್ಪ ಅಳತೆಯ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಅಮ್ಮ ಮಗಳ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಬರೀ ತಿಳಿದುಕೊಳ್ಳುವ ಆಸೆ. "ನಾನೂರು ಸಲ ನೋಡ್ದೆ ಅಂತೀಯಲ್ಲ ಮಗಾ. ನನ್ನ ಕೈ ಅಂತ ಗೊತ್ತಾಗ್ಲಿಲ್ವಾ?"

ಚಡಪಡಿ ಬಾಯಿ ತೆರೆದಳು. ಕೈಗವಸು ಇತ್ತು, ಕೋಟು ಇತ್ತು, ಮೇಲಿನಿಂದ ತೆಗೆದದ್ದು, ಹೇಳಲು ಬೇಕಾದಷ್ಟಿತ್ತು. ಆದರೆ ಅಳು ಬಂದುಬಿಟ್ಟಿತು. ಮೂಗು ಸೊರಸೊರ ಎನ್ನುವಷ್ಟು ಅತ್ತಳು.

"ಅಯ್ಯೋ, ಅಳೋದಕ್ಕೆ ಕೇಳಿದ್ನಾ ನಾನು?" ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳ ತಲೆ ಸವರಿದಳು. "ಸಾಕು, ಟೈಮೆಷ್ಟು?"

ಎರಡೂಕಾಲು.

ಅಪ್ಪ ಸ್ಟೂಲು ಎಳೆದುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತ. "ಇನ್ನೊಂದು ಸಲ ಹಾಕು" ಎಂದ. ತನ್ನ ಕೈ ನಡುಗುವುದನ್ನು ಕಣ್ಣು ಮಿಟುಕಿಸದೆ ನೋಡಿದ. ಒಂದನೆಯ ಗಾಜು ಒಡೆಯಿತು, ಎರಡನೆಯದು ಒಡೆಯಿತು.

"ಮೂರು ಸಲ ಯಾಕೆ ಒಡೀಬೇಕು?" ಎಂದ. "ಒಂದು ಸಲಕ್ಕೇ ತಿಳಿಯತ್ತೆ. ಉಳಿದೆರಡು ತೆಗಿ. ಕೋಟು ಬಿಚ್ಚಿ ಅವಳಿಗೆ ಹಾಕೋದಿದೆಯಲ್ಲ, ಅದನ್ನ ಪೂರ್ತಿ ಬಿಡು. ಅವಸರ ಮಾಡ್ಬೇಡ ಅಲ್ಲಿ."

ಹದಿನೇಳು ಪ್ರತಿಗಳಿಗೆ ಬಂದ ಚೀಟಿಗಳಲ್ಲಿ ಯಾರೊಬ್ಬರೂ ಇಷ್ಟು ಸರಿಯಾಗಿ ಬರೆದಿರಲಿಲ್ಲ. ಅವಳು ಹಾಗೇ ಮಾಡಿದಳು. ಒಡೆಯುವ ಗಾಜು, ಸುಮ್ಮನೆ ಕೂತ ಕೈ, ಬಾರೇ ಇಲ್ಲಿ, ಕೋಟು, ಬೆರಳು, ಲಟಕ್. ಸಂಗೀತ ಇಲ್ಲ. ಇಡೀ ಆರಂಭದಲ್ಲಿ ಒಂದೇ ಒಂದು ಕತ್ತರಿ. ಒಂದು ನಿಮಿಷ ಐವತ್ತೆರಡು ಸೆಕೆಂಡು.

"ಹೆಸರು ಬದಲಾಯಿಸ್ಲಾ ಅಪ್ಪಾ?"

"ಹೆಸರು ಹಾಗೇ ಇರ್ಲಿ. ಸರಿಯಾಗೇ ಇದೆ."

ಮುಗಿಯಿತು ತಾನೇ? ಮುಗಿದರೆ ಅವಳು ಚಡಪಡಿ ಹೇಗಾದಾಳು! ಕೋಟು ಬಿಚ್ಚುವ ಕಡೆ ಸ್ವಲ್ಪ ಉದ್ದವಾಯಿತೇನೋ, ಅರ್ಧ ಸೆಕೆಂಡು ಕತ್ತರಿಸಿದರೆ ಹೇಗೆ, ಮೇಷ್ಟ್ರು ಏನೆನ್ನುತ್ತಾರೋ. ಬೆರಳು ತಾನಾಗಿ ಕೀಲಿಮಣೆಯ ಕಡೆ ಹೋಯಿತು. ಅಪ್ಪ ಆ ಮಣಿಕಟ್ಟನ್ನು ಹಿಡಿದುಕೊಂಡ. ಅವನ ನಡುಕ ಅವಳ ತೋಳಿನವರೆಗೂ ಬಂತು.

"ಗೀರಿದ ಜಾಗದ ಮೇಲೆ ಮತ್ತೆ ಗೀರ್ಬಾರ್ದು. ಗಾಜು ಎಲ್ಲಿ ಬೇಕಾದ್ರೂ ಸೀಳತ್ತೆ. ನಿಮ್ಮಮ್ಮನಿಗೆ ನಾನು ಕಲಿಸಿದ್ದು ಅದೊಂದೇ. ಎದ್ದೇಳು, ಹೊರಡು."

ಐದಕ್ಕೆ ಹತ್ತು ನಿಮಿಷವಿರುವಾಗ ಮೇಷ್ಟ್ರ ಮೇಜಿಗೆ ತಲುಪಿಸಿದಳು. ಆಮೇಲಿನ ಎರಡು ದಿನ ಅವಳು ಏನು ತಿಂದಳೋ, ಎಲ್ಲಿ ಕೂತಳೋ, ಅವಳಿಗೇ ನೆನಪಿಲ್ಲ. ಕಿವಿಯ ತಲೆಯನ್ನಂತೂ ಚೆನ್ನಾಗಿ ತಿಂದಳು.

ಮೂರನೆಯ ದಿನ ಮಧ್ಯಾಹ್ನ ಫಲಕದ ಮೇಲೆ ಪಟ್ಟಿ ಬಂತು. ನಾಲ್ಕು ಹೆಸರುಗಳಲ್ಲಿ ಕೊನೆಯದು ಅವಳದು. ಅವಳು ಮೊದಲು ಓಡಿದ್ದು ಪ್ರೊಜೆಕ್ಟರ್ ಕೋಣೆಗೆ. ಅಕ್ಕನನ್ನು ತಬ್ಬಿಕೊಂಡದ್ದಕ್ಕೆ ಅಕ್ಕ, "ಮಸೂರ, ಮಸೂರ!" ಎಂದು ಕೂಗಿದಳು. ಆಮೇಲೆ ಕಾರಿಡಾರಿನಲ್ಲಿ ನಿಂತು ಅಂಗಡಿಗೆ ಫೋನು ಮಾಡಿದಳು. ಎತ್ತಿದ್ದು ಅಮ್ಮ.

"ಆಯ್ತಮ್ಮಾ! ಆಯ್ಕೆ ಆಯ್ತು!"

"ಹೌದಾ! ಅಪ್ಪನಿಗೆ ಕುರ್ಚಿ ಸಿಕ್ತಾ?"

"ಎರಡು ತಗೊಂಡೆ. ಮೊದಲನೇ ಸಾಲಲ್ಲಿ."

ಆ ಕಡೆ ಕತ್ತಿಯನ್ನು ಮೇಜಿನ ಮೇಲೆ ಇಟ್ಟ ಸದ್ದು.

"ಇನ್ನೊಂದು ಯಾರಿಗೆ?" ಎಂದಳು ಅಮ್ಮ.