ತೊಟ್ಟಿಲು ಇಳಿದ ಮೇಲೆ

"ಎಬ್ಬಿಸ್ರಿ ಅಕ್ಕಾರ, ಎಬ್ಬಿಸ್ರಿ! ಮಲಗಿದ ಕೂಸಿನ ಅಳತಿ ತಗೋಬಾರ್ದು," ಎಂದು ಬಡಗಿ ದಾದಾಸಾಬ ಕೈಯಲ್ಲಿದ್ದ ಟೇಪನ್ನು ಹಿಂದಕ್ಕೆ ಎಳೆದುಕೊಂಡ.

ಸೌಭಾಗ್ಯ ಹಲಗೆಯ ಮೇಲೆ ಅಂಗಾತ ಮಲಗಿಸಿದ್ದ ಮಗಳನ್ನು ಗಡಬಡಿಸಿ ಎತ್ತಿಕೊಂಡಳು. ಮಲಗಿಸಿ ಅಳತೆ ತೆಗೆಯುವುದು ಯಾರಿಗೆ ಎಂಬುದು ಅವಳಿಗೂ ಗೊತ್ತಿದ್ದದ್ದೇ. ಮಂಚದ ಹುರುಪಿನಲ್ಲಿ ಮರೆತಿದ್ದಳು. ಕಾವ್ಯಾಳಿಗೆ ಮಾತ್ರ ಹಲಗೆ ಬಹಳ ಹಿಡಿಸಿತ್ತು. ಕೂದಲ ತುಂಬ ಕಟ್ಟಿಗೆಯ ಹೊಟ್ಟು ಮೆತ್ತಿಸಿಕೊಂಡು, ಮತ್ತೆ ಮಲಗುತ್ತೇನೆಂದು ಕಾಲು ಝಾಡಿಸತೊಡಗಿದಳು. ದಾದಾಸಾಬ ಅವಳನ್ನು ಅಂಗಡಿಯ ಬಾಗಿಲ ಚೌಕಟ್ಟಿಗೆ ಆನಿಸಿ ನಿಲ್ಲಿಸಿ, ತಲೆಯ ಮೇಲೆ ಪೆನ್ಸಿಲಿನಿಂದ ಗೀಟು ಹಾಕಿದ.

ತೊಟ್ಟಿಲಲ್ಲಿ ಇನ್ನು ಅವಳನ್ನು ಮಲಗಿಸುವ ಹಾಗಿರಲಿಲ್ಲ. ಹಿಂದಿನ ವಾರ ನಸುಕಿನಲ್ಲಿ ಎದ್ದು, ತೊಟ್ಟಿಲ ಅಂಚಿನ ಕಟೆಯ ಮೇಲೆ ಹೊಟ್ಟೆ ಊರಿ, ಕಾಲು ಕೆಳಗೆ ಬಿಟ್ಟು ಜೋತಾಡುತ್ತಿದ್ದವಳನ್ನು ಸೌಭಾಗ್ಯ ಓಡಿ ಬಂದು ಹಿಡಿದಿದ್ದಳು. ಅಂದೇ ನಿಶ್ಚಯ ಮಾಡಿದ್ದಳು, ಮಗಳಿಗೆ ಮಂಚ ಬೇಕು.

"ಎರಡು ಅಡಿ ಅಗಲ ಸಾಕಲ್ಲ?" ಎಂದ ಗಂಡ ಸಿದ್ದಲಿಂಗೇಶ. ಅವನು ಬೈಕಿನ ಮೇಲೇ ಕೂತಿದ್ದ. "ಇಷ್ಟುದ್ದ ಐತಿ ಕೂಸು. ಹಾಸಿಗಿ ಇದ್ದಷ್ಟು ಕಾಲ ಚಾಚಬೇಕು."

"ಅದು ದೊಡ್ಡವರಿಗೆ ಹೇಳಿದ ಮಾತ್ರಿ. ಕೂಸಿಗೆ ಕಾಲ ಬೆಳದಷ್ಟು ಹಾಸಿಗಿ ಬೇಕು. ರಾತ್ರಿ ಗಡಿಯಾರದ ಮುಳ್ಳಿನಂಗ ತಿರಗತಾಳ, ಎರಡು ಅಡ್ಯಾಗ ಬಿದ್ದಾಳು. ಜ್ವರಾ ಬಂದ್ರ ಬಾಜೂಕ ನಾ ಅಡ್ಡಾಗಬ್ಯಾಡೇನು? ಮೂರು ಅಡಿ ಅಗಲ, ಆರು ಅಡಿ ಉದ್ದ ಮಾಡ್ರಿ ದಾದಾಸಾಬ. ಸಾಲಿ ಮುಗಿಯೂತನಾ ಇರ್ಲಿ."

"ತೊಟ್ಟಿಲದ ಕಟಗಿ?" ದಾದಾಸಾಬ ಗೋಡೆಗೆ ಆನಿಸಿದ್ದ ತೊಟ್ಟಿಲನ್ನು ತೋರಿಸಿದ. ಅದರ ಬಿಚ್ಚಿದ ಸರಪಳಿಯನ್ನು ಒಳಗೆ ಸುತ್ತಿ ಇಟ್ಟಿದ್ದರು.

"ಒಡದು ಮಂಚದ ಕಟೆಕ ಹಚ್ಚರಿ. ಗಿಳಿ ಕೆತ್ತಿದ ಹಲಗಿ ತಲಿಕಡೆ ಬರ್ಲಿ."

"ಒಡೀಲ್ಯಾ? ಖರೇನ?" ಕೇಳಿದ್ದು ಅವಳನ್ನು, ನೋಡಿದ್ದು ಅವಳ ಗಂಡನನ್ನು. ಸಿದ್ದಲಿಂಗೇಶ ಸೊಲ್ಲಾಪುರ ರಸ್ತೆಯ ಮೇಲೆ ಹೋಗುತ್ತಿದ್ದ ಲಾರಿಗಳನ್ನು ನೋಡುತ್ತಿದ್ದ. ನೋಡುತ್ತಲೇ "ಹೂಂ, ಆಕಿ ಹೇಳಿದಂಗ ಮಾಡು," ಎಂದ.

ಆ ಒಂದು ಮಾತಿಗೆ ಸೌಭಾಗ್ಯಳ ಎದೆ ತುಂಬಿ ಬಂತು. ತೊಟ್ಟಿಲನ್ನು ಸುಮ್ಮನೆ ಯಾರೂ ಒಡೆಯುವುದಿಲ್ಲ. ಇನ್ನು ಮಕ್ಕಳು ಸಾಕು ಎಂದವರೂ ಅಟ್ಟದ ಮೇಲೆ ಇಡುತ್ತಾರೆ, ಕೇಳಿದ ನೆಂಟರಿಗೆ ಕೊಡುತ್ತಾರೆ. ಅದೂ ಇದು ಘೋಣಸಗಿಯ ತವರಿನಿಂದ ಬಂದದ್ದು, ಅವಳೇ ಮಲಗಿ ಬೆಳೆದ ತೊಟ್ಟಿಲು. ಆದರೆ ಕಾವ್ಯಾ ಹುಟ್ಟಿದಾಗ ಸೌಭಾಗ್ಯ ಉಳಿದದ್ದೇ ಹೆಚ್ಚು. ರಕ್ತ ನಿಲ್ಲದೆ, ಬಾಟಲಿ ಮೇಲೆ ಬಾಟಲಿ ಏರಿಸಿ ಅವಳನ್ನು ಎಳೆದು ತಂದ ಡಾಕ್ಟರು, ಇನ್ನೊಂದು ಹೆರಿಗೆ ಈಕೆಯ ಜೀವಕ್ಕೇ ಅಪಾಯ ಎಂದು ಗಂಡನನ್ನು ನಿಲ್ಲಿಸಿಕೊಂಡು ಹೇಳಿದ್ದರು. ಸಿದ್ದಲಿಂಗೇಶ ದವಾಖಾನೆಯ ಕಾಟಿನ ಸರಳು ಹಿಡಿದು ಹೆಣ್ಣುಮಕ್ಕಳ ಹಾಗೆ ಅತ್ತಿದ್ದ. "ನನಗ ನೀ ಬೇಕು. ಕಾವಿ ಒಬ್ಬಾಕಿ ಸಾಕು. ಅವ್ವಗ ನಾ ಹೇಳತೇನಿ, ನೀ ಕಾಳಜಿ ಮಾಡಬ್ಯಾಡ," ಎಂದಿದ್ದ. ಅಂಥ ಗಂಡ ತನ್ನ ಓರಗೆಯ ಯಾರಿಗೂ ಸಿಕ್ಕಿಲ್ಲವೆಂದು ಸೌಭಾಗ್ಯ ಎರಡೂವರೆ ವರ್ಷ ಒಳಗೊಳಗೇ ಬೀಗಿದ್ದಳು. ತೊಟ್ಟಿಲು ಒಡೆಸಿ ಆ ಮಾತಿಗೆ ಒಂದು ಮೊಳೆ ಹೊಡೆಸಿದಂತೆಯೂ ಆಗಲಿ ಎಂದು ಅವಳ ಮನಸ್ಸಿನಲ್ಲಿತ್ತು.

ಮರುದಿನವೇ ಸಾರವಾಡದಿಂದ ಅತ್ತೆ ಶಂಕ್ರೆವ್ವನ ಫೋನು ಬಂತು.

"ಕೂಸು ತೊಟ್ಟಿಲ ಇಳೀತಂತಲ್ಲವಾ! ನನ್ನ ಹೊಟ್ಟ್ಯಾಗ ಹಾಲ ಹೊಯ್ದಿ ನೋಡು. ನಾ ಒಂದು ದಿನಾನೂ ಬಾಯಿ ಬಿಟ್ಟು ಕೇಳಿಲ್ಲ, ಹೌದಿಲ್ಲೋ?"

ಏನನ್ನು ಕೇಳಿಲ್ಲ ಎಂಬುದು ಸೌಭಾಗ್ಯಳಿಗೆ ತಿಳಿಯಲಿಲ್ಲ. ಮಂಚದ ರೊಕ್ಕ ಕೇಳಿಲ್ಲವೆಂದೋ ಏನೋ. ಮುದುಕಿಗೆ ಮೊಮ್ಮಗಳ ಮೇಲೆ ಇಷ್ಟು ಅಕ್ಕರೆ ಇದೆಯಲ್ಲ ಎಂದು ಹಿಗ್ಗಿದಳು. ಸಂಜೆಗೆ ಶೇಂಗಾ ಹೋಳಿಗೆಯ ಡಬ್ಬಿಯೂ ಬಂತು. ತಾನು ಕಲಿಸುವ ಟಿಕೋಟಾದ ಶಾಲೆಗೆ ಅದನ್ನು ಒಯ್ದು ಉಳಿದ ಟೀಚರುಗಳಿಗೂ ಹಂಚಿ, ಅತ್ತೆ ಎಂದರೆ ಹೀಗಿರಬೇಕು ಎಂದು ಹೇಳಿಯೂ ಹೇಳಿದಳು.

ಭಾನುವಾರ ಅವಳಿಗೆ ತರಬೇತಿ ಇತ್ತು. ಸಿದ್ದಲಿಂಗೇಶ ತನ್ನ ಗೊಬ್ಬರದ ಅಂಗಡಿ ಮುಚ್ಚಿ, ಮಗಳನ್ನು ಬೈಕಿನ ಮುಂದೆ ಕೂರಿಸಿಕೊಂಡು ಸಾರವಾಡಕ್ಕೆ ಹೋಗಿಬಂದ. ಕಾವ್ಯಾಳ ಬೆರಳಿಗೆ ಹಸಿರು ಬಣ್ಣ ಮೆತ್ತಿತ್ತು.

"ಏನ್ರೀ ಇದು?"

"ಅವ್ವ ಗೇಟಿಗೆ ಬಣ್ಣ ಹಚ್ಚಿಸ್ಯಾಳ. ಮುಟ್ಟಬ್ಯಾಡಂದ್ರ ಕೇಳತೈತೇನು ಇದು?"

ಸೀಮೆಎಣ್ಣೆ ಹಚ್ಚಿ ಸೌಭಾಗ್ಯಳೇ ಒಂದೊಂದು ಬೆರಳು ತಿಕ್ಕಿ ತೊಳೆದಳು. ಮಗಳು ಏನೋ ಹೇಳಲು ಬಾಯಿ ತೆರೆದಾಗ ಅಪ್ಪ ಅವಳನ್ನು ಎತ್ತಿಕೊಂಡು ಚಾಕಲೇಟು ಕೊಡಿಸಲು ಹೊರಟುಬಿಟ್ಟ.

ಮುಂದಿನ ವಾರ ಟೆಂಪೋದಲ್ಲಿ ಮಂಚ ಬಂತು. ಮಲಗುವ ಕೋಣೆ ಒಂದೇ. ಒಂದು ಗೋಡೆಗೆ ಗಂಡಹೆಂಡಿರ ಮಂಚ, ಇನ್ನೊಂದು ಗೋಡೆಗೆ ಮಗಳದು. ನಡುವೆ ಚಾವಣಿಯಲ್ಲಿ ತೊಟ್ಟಿಲಿನ ಕೊಂಡಿ ಇನ್ನೂ ಹಾಗೇ ಇತ್ತು. ಸೌಭಾಗ್ಯ ಅಳತೆ ಕೊಟ್ಟು ತರಿಸಿಟ್ಟಿದ್ದ ಹೊಸ ಗಾದಿಯನ್ನು ಹಾಸಿದಳು. ಗಾದಿ ಮಂಚದ ಅಂಚಿನಿಂದ ಹೊರಗೆ ಇಳಿಬಿದ್ದಿತು. ಆ ಕಡೆ ಸರಿಸಿದಳು, ಈ ಕಡೆ ಸರಿಸಿದಳು. ಮಂಚವೇ ಅಗಲ ಕಡಿಮೆ. ತಲೆಯ ಕಡೆ ನೋಡಿದರೆ ಗಿಳಿಗಳಿಲ್ಲ, ಹೊಸ ಹಲಗೆ.

"ದಾದಾಸಾಬ ಅಳತಿ ತಪ್ಪ್ಯಾನ," ಎಂದ ಸಿದ್ದಲಿಂಗೇಶ. "ಗಾದಿ ಹೊಲಿಗಿ ಬಿಚ್ಚಿ ಸಣ್ಣದು ಮಾಡಿಸಿದ್ರ ಆತು."

"ಗಿಳಿ?"

"ತೊಟ್ಟಿಲಕ ಹುಳಾ ಹಿಡದಿತ್ತಂತ. ಒಳಗ ಎಲ್ಲಾ ಹಿಟ್ಟ ಆಗಿತ್ತಂತ."

ಅಜ್ಜನ ಕಾಲದ ಸಾಗವಾನಿ. ಅದು ಹೇಗೆ ಹಿಟ್ಟಾಗುತ್ತದೆ? ಆದರೆ ಗಂಡ ಸುಳ್ಳು ಹೇಳುತ್ತಾನೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಅವಳ ಸಿಟ್ಟೆಲ್ಲ ದಾದಾಸಾಬನ ಮೇಲೆ ತಿರುಗಿತು. ಮರುದಿನ ಶಾಲೆ ಬಿಟ್ಟವಳು ಟಿಕೋಟಾದಿಂದ ಬಸ್ಸಿಳಿದು ನೆಟ್ಟಗೆ ಸೊಲ್ಲಾಪುರ ರಸ್ತೆಗೆ ನಡೆದಳು.

"ನಮ್ಮ ತವರಿನ ತೊಟ್ಟಿಲಕ ಹುಳಾ ಹಿಡದಿತ್ತೇನ್ರಿ? ಆ ಹುಳಾನರ ತೋರಸ್ರಿ ನೋಡೂಣು."

ದಾದಾಸಾಬ ರಂಧ ಹೊಡೆದು ಹಲಗೆ ನುಣುಪು ಮಾಡುತ್ತಿದ್ದುದನ್ನು ನಿಲ್ಲಿಸಿದ. "ನಿಮ್ಮ ತೊಟ್ಟಿಲ ನಾ ಒಡದೇ ಇಲ್ಲಲ್ರಿ ಅಕ್ಕಾರ. ಎರಡು ದಿನಕ್ಕ ಸಾರವಾಡದ ಟ್ರ್ಯಾಕ್ಟರ್ ಬಂದು ಒಯ್ತು. ಬಣ್ಣ ಹಚ್ಚಸ್ತೇವಿ ಅಂದ್ರು."

"ಮತ್ತ ಮಂಚದ ಅಗಲ?"

"ನಿಮ್ಮ ಮನಿ ಸಾಹುಕಾರ್ರ ಫೋನ್ ಮಾಡಿ ಹೇಳಿದ್ರು. ಕೊಂಡಿ ಕೆಳಗ ತೊಟ್ಟಿಲ ತೂಗಾಕ ಜಾಗ ಬೇಕು, ಮಂಚಕ ಬಡಿಬಾರ್ದು, ಅಗಲ ಕಡಿಮಿ ಮಾಡು ಅಂತ." ಅವನು ಕೈಗಂಟಿದ ಹೊಟ್ಟನ್ನು ಒರೆಸಿಕೊಂಡು ನಕ್ಕ. "ಖುಷಿ ಸುದ್ದಿ ಅಲ್ರಿ? ನಾನ ಹೇಳಬೇಕಂತಿದ್ದೆ, ಹೆಣ್ಮಕ್ಕಳ ಸುದ್ದಿ, ಹೆಂಗ ಹೇಳೂದು ಅಂತ ಸುಮ್ಮನಿದ್ದೆ. ಈ ಸಲ ಗಂಡಾಗ್ಲಿ ಅಂತ ನಮ್ಮ ಆಶಾಬೀನೂ ದುವಾ ಮಾಡ್ಯಾಳ."

ಪಾಪ, ಅವನ ಹೆಂಡತಿ ಇಲ್ಲದ ಬಸಿರಿಗೆ ಒಳ್ಳೆಯ ಮನಸ್ಸಿನಿಂದಲೇ ಬೇಡಿಕೊಂಡಿದ್ದಾಳೆ. ಬಾಗಿಲ ಚೌಕಟ್ಟಿನ ಮೇಲೆ ಕಾವ್ಯಾಳ ಎತ್ತರದ ಗೀಟು ಇನ್ನೂ ಇತ್ತು. ಸೌಭಾಗ್ಯ ಅದನ್ನೊಮ್ಮೆ ಬೆರಳಿನಿಂದ ಸವರಿ ಹೊರಟಳು.

ಮನೆಗೆ ಹೋಗಿ ಗಂಡನನ್ನು ಕೇಳಲಿಲ್ಲ. ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಒಂದು ಹೇಳುತ್ತಾನೆ, ತಾನು ನಂಬುತ್ತೇನೆ. ತನ್ನ ನಂಬಿಕೆಯ ಬಗ್ಗೆಯೇ ಅವಳಿಗೆ ಹೆದರಿಕೆ ಹತ್ತಿತ್ತು. ರಜೆಯ ದಿನ ಅವನು ಅಂಗಡಿಗೆ ಹೋದ ಮೇಲೆ ಕಾವ್ಯಾಳನ್ನು ಕಟ್ಟಿಕೊಂಡು ಸಾರವಾಡದ ಬಸ್ಸು ಹತ್ತಿದಳು.

ಶಂಕ್ರೆವ್ವ ಬಾಗಿಲಲ್ಲೇ ಮೊಮ್ಮಗಳ ದೃಷ್ಟಿ ತೆಗೆದು ಒಳಗೆ ಕರೆದುಕೊಂಡಳು. ನಡುಮನೆಯ ತೊಲೆಗೆ ತೊಟ್ಟಿಲು ತೂಗುಬಿಟ್ಟಿತ್ತು. ಗಿಳಿಗಳಿಗೆ ಹೊಸ ಹಸಿರು, ಕೊಕ್ಕಿಗೆ ಕೆಂಪು. ಒಂದು ಗಿಳಿಯ ರೆಕ್ಕೆಯ ಮೇಲೆ ಬಣ್ಣ ಒಣಗುವ ಮುನ್ನ ಯಾರೋ ಮುಟ್ಟಿದ ಪುಟ್ಟ ಬೆರಳಿನ ಗುರುತಿತ್ತು. ಒಳಗೆ ಮೆತ್ತನೆ ಹಾಸಿ, ಕುಲಾಯಿ ತೊಡಿಸಿ, ಒರಳಿನ ಗುಂಡಕಲ್ಲನ್ನು ಮಲಗಿಸಿದ್ದರು.

"ಖಾಲಿ ತೊಟ್ಟಿಲ ಕಟ್ಟಬಾರ್ದಲ್ಲ, ಅದಕ್ಕ ಗುಂಡಪ್ಪನ್ನ ಮಲಗಿಸೇನಿ," ಎಂದಳು ಶಂಕ್ರೆವ್ವ. "ಹಬ್ಬ ಆದಮ್ಯಾಲ ನಿಮ್ಮ ಮನಿಗೆ ಕಳಸಬೇಕಂತಿದ್ದೆ. ನೀನ ಬಂದಿ, ಚೊಲೋ ಆತು."

ಕಾವ್ಯಾ ಓಡಿಹೋಗಿ ತೊಟ್ಟಿಲ ಕಟೆ ಹಿಡಿದಳು. ಸೌಭಾಗ್ಯ ಅವಳ ಹೆಸರು ಹಿಡಿದು ಕರೆದಾಗ, ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

"ಶ್! ತಮ್ಮ ಮಲ್ಕೊಂಡಾನ."

"ಯಾರ ಹೇಳಿದ್ರು ನಿನಗ?"

"ಅಪ್ಪ."

ಸೌಭಾಗ್ಯ ಅಲ್ಲೇ ನೆಲದ ಮೇಲೆ ಕುಳಿತಳು. ಬಡಗಿಗೆ ಗೊತ್ತು, ಬಡಗಿಯ ಹೆಂಡತಿಗೆ ಗೊತ್ತು, ಮಾತು ನೆಟ್ಟಗೆ ಬಾರದ ಕೂಸಿಗೂ ಗೊತ್ತು. ಹೆರಬೇಕಾದವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಹೇಳಿದ್ದಾನೆ.

"ಅತ್ತಿ, ನಿಮಗ ಅವರು ಏನಂತ ಹೇಳ್ಯಾರ?"

"ಏನ ಹೇಳತಾನವಾ? ನೀ ಹೇಳಿದ್ದನ್ನ ಹೇಳ್ಯಾನ. ಕೂಸು ತೊಟ್ಟಿಲ ಇಳಿಯೂತನಾ ಇನ್ನೊಂದರ ಮಾತು ತಗೀಬ್ಯಾಡ್ರಿ, ಇಳಿದಮ್ಯಾಲ ನಾನ ಹೇಳತೇನಿ ಅಂದಿದ್ಯಂತಲ್ಲ? ನಾನೂ ಹೂಂ ಅಂದೆ. ಬಾಯಾಗ ಬಟ್ಟಿ ಇಟಗೊಂಡು ಕುಂತೆ."

"ದವಾಖಾನ್ಯಾಗ ಡಾಕ್ಟರ್ ಹೇಳಿದ್ದು?"

"ಡಾಕ್ಟರ್ ಏನ ಹೇಳಿದ್ರು?"

ಸೌಭಾಗ್ಯ ಹೇಳಿದಳು. ರಕ್ತದ ಮಾತು, ಜೀವದ ಮಾತು, ಸರಳು ಹಿಡಿದು ಅತ್ತ ಮಾತು. ಹೇಳುತ್ತ ಹೇಳುತ್ತ ಅವಳಿಗೆ ತಾನು ಇಷ್ಟು ದಿನ ಯಾರೊಡನೆ ಸಂಸಾರ ಮಾಡಿದೆ ಎಂಬುದೇ ಗೊತ್ತಾಗದೆ ಹೋಯಿತು. ತೊಟ್ಟಿಲ ಹಗ್ಗವನ್ನು ಮೆಲ್ಲಗೆ ಜಗ್ಗುತ್ತಿದ್ದ ಶಂಕ್ರೆವ್ವನ ಕೈ ನಿಂತಿತು.

"ನನ್ನ ಮುಂದ ಒಂದು ಮಾತ ಆಡಿಲ್ಲವಾ ಅಂವ," ಎಂದಳು ಮುದುಕಿ. "ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು ಅಂತ ಸಣ್ಣಂವ ಇದ್ದಾಗಿಂದ ಹಿಂಗ. ಇಬ್ಬರ ಕಡೆ ಇಬ್ಬಗಿ ಮಾತು." ಆಮೇಲೆ ಸೊಸೆಯ ಮುಖ ನೋಡದೆ ಕೇಳಿದಳು: "ಬ್ಯಾರೆ ಡಾಕ್ಟರಿಗೆ ತೋರಿಸಿದ್ರ... ಏನೂ ಉಪಾಯ ಇಲ್ಲೇನು?"

ಆ ಪ್ರಶ್ನೆ ಸೌಭಾಗ್ಯಳನ್ನು ಚುಚ್ಚಿತು, ಆದರೆ ಮುದುಕಿಯ ಮೇಲೆ ಸಿಟ್ಟು ಬರಲಿಲ್ಲ. ಶಂಕ್ರೆವ್ವನೇ ಎದ್ದು ಗುಂಡಕಲ್ಲಿನ ಕುಲಾಯಿ ಬಿಚ್ಚಿ ಮಡಿಚಿಟ್ಟಳು. ಕಲ್ಲನ್ನು ಒರಳಿನ ಬದಿಗೆ ಇಟ್ಟು ಬಂದಳು.

ಅಂದು ಸಂಜೆ ಸೌಭಾಗ್ಯ ಮಗಳೊಡನೆ ಮರಳಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಸಿದ್ದಲಿಂಗೇಶ ಮನೆಗೆ ಬಂದ. ತಾಯಿಯ ಫೋನು ಬಂದಿತ್ತೆಂಬುದು ಅವನ ಮುಖದ ಮೇಲೇ ಇತ್ತು. ಚಪ್ಪಲಿ ಬಿಡದೆ ಪಡಸಾಲೆಯಲ್ಲಿ ನಿಂತ.

"ಅವ್ವನ ಮನಸ್ಸು ಮುರೀಬಾರ್ದು ಅಂತ ಹಂಗ ಹೇಳಿದ್ದೆ, ಸೌಭಾಗ್ಯಾ. ದಿನಾ ಹೋದಂಗ ನಿನಗೂ ಧೈರ್ಯ ಬರ್ತೈತಿ, ಆವಾಗ ನೋಡಿದ್ರಾತು ಅಂತ..."

"ನನಗ ಧೈರ್ಯ ಬರ್ತೈತಿ ಅಂತ?"

"ಈಗ ದವಾಖಾನಿ ಎಲ್ಲಾ ಸುಧಾರಿಸ್ಯಾವ..."

"ಕಾಟಿನ ಸರಳ ಹಿಡಕೊಂಡು ಅತ್ರಲ್ಲ," ಎಂದಳು ಸೌಭಾಗ್ಯ. "ಅದು ಖರೇನೋ, ಸುಳ್ಳೋ? ಅದೊಂದು ಹೇಳ್ರಿ."

"ಖರೇನ. ನಿನ್ನಾಣಿ ಖರೇ."

ಸುಳ್ಳೆಂದು ಹೇಳಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ನಿಜವಾಗಿ ಅತ್ತವನು ಕಣ್ಣೊರೆಸಿಕೊಂಡು ಹೋಗಿ ತೊಟ್ಟಿಲಿಗೆ ಜಾಗ ಅಳೆಸಿದ್ದಾನಲ್ಲ, ಇದನ್ನು ಅವಳು ಎಲ್ಲಿ ಇಟ್ಟುಕೊಳ್ಳಬೇಕು? ಅವಳು ಕೋಣೆಯೊಳಗೆ ಹೋದಳು. ದೊಡ್ಡ ಮಂಚದಿಂದ ತನ್ನ ದಿಂಬು, ಹೊದಿಕೆ ಎತ್ತಿಕೊಂಡಳು. ಮಗಳ ಮಂಚದ ಪಕ್ಕದಲ್ಲಿ, ಕೊಂಡಿಯ ಕೆಳಗೆ ಚಾಪೆ ಬಿಚ್ಚಿದಳು. ಉಳಿಸಿದ್ದ ಜಾಗಕ್ಕೆ ಚಾಪೆ ಸರಿಯಾಗಿ ಕೂತಿತು. ಗೋಡೆಯ ಕಡೆ ಮುಖ ಮಾಡಿ ಅಡ್ಡಾದಳು.

ಹೊರಗೆ ಇಳಿಬಿದ್ದ ಗಾದಿಯ ಅಂಚಿನಿಂದ ಕಾವ್ಯಾ ಕೆಳಗೆ ಬಗ್ಗಿ ನೋಡಿದಳು. ಒಂದು ಕೈ ಇಳಿಬಿಟ್ಟು, ಅವ್ವನ ಭುಜವನ್ನು ತೊಟ್ಟಿಲು ತೂಗಿದ ಹಾಗೆ ಮೆಲ್ಲಗೆ ತಳ್ಳತೊಡಗಿದಳು.

"ಸೌಭಾಗ್ಯಾ..." ಸಿದ್ದಲಿಂಗೇಶ ಬಾಗಿಲಿಗೆ ಬಂದು ಕರೆದ.

ಮಗಳು ಅವನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

"ಶ್! ಅವ್ವ ಮಲ್ಕೊಂಡಾಳ."