ಮೌನದ ಗಡುವು

ಗುರುವಾರದ ಬಟಾಣಿ ಸಾರು ಆರಿ, ಮೇಲೊಂದು ದಪ್ಪ ಪದರ ಕಟ್ಟುತ್ತಿತ್ತು. ಔಲಿಸ್ ರೀಕ್ಕಿನೆನ್ ಚಮಚವನ್ನು ಮೂರು ಸಲ ಎತ್ತಿ, ಮೂರು ಸಲವೂ ಬಟ್ಟಲಿನ ಅಂಚಿಗೇ ಒರಗಿಸಿಟ್ಟ. ಊಟದ ಮನೆಯ ಗಡಿಯಾರ ಹನ್ನೆರಡೂ ಕಾಲು ತೋರಿಸುತ್ತಿತ್ತು. ಎರಡು ಗಂಟೆಗೆ ಮೌನದ ಗಡುವು ಮುಗಿಯುತ್ತದೆ. ಮುಗಿದ ಕ್ಷಣದಿಂದ, ಕೊಟ್ಟ ಮಾತನ್ನು ಉಳಿಸಿಕೊಂಡ ಮನುಷ್ಯನೂ ಇನ್ನೂರು ಜನರನ್ನು ಸಾವಿಗೆ ಒಪ್ಪಿಸಿದ ಮನುಷ್ಯನೂ ಒಬ್ಬನೇ ಆಗಿಬಿಡುತ್ತಾನೆ.

ಫಿನ್ಲೆಂಡಿನ ಕಡಲ ದಂಡೆಯ ಆ ಹಳೆಯ ಬ್ಯಾರಕ್ಕು ಈಗ ಹದಿನಾಲ್ಕು ದೇಶಗಳು ಕೂಡಿ ಯೋಜನೆ ಹೆಣೆಯುವ ಮನೆ. ದೂರದ ನದಿಯೊಂದರ ದಂಡೆಯ ಮೇಲೆ ವೆರ್ದಿನ ಎಂಬ ಊರು ಮುತ್ತಿಗೆಗೆ ಸಿಕ್ಕಿ ಹತ್ತು ತಿಂಗಳಾಗಿತ್ತು. ಅಲ್ಲಿಗೆ ಔಷಧಿ, ಹಿಟ್ಟು ಮುಟ್ಟಿಸಲು ಶನಿವಾರ ನಸುಕಿಗೆ ಲಾರಿಗಳು ಹೊರಡಬೇಕು. ಸೈನಿಕರ ಜೊತೆ ನಾಗರಿಕರೂ ಕೂತು ಯೋಚಿಸಲಿ ಎಂಬ ಹೊಸ ಪದ್ಧತಿಯಿಂದಾಗಿ, ಪುರಸಭೆಯ ನೀರು ಸರಬರಾಜಿನಲ್ಲಿ ಮೂವತ್ತೈದು ವರ್ಷ ಸವೆದ ಔಲಿಸ್‌ಗೂ ಅಲ್ಲಿ ಒಂದು ಕುರ್ಚಿ ದೊರೆತಿತ್ತು. ಯುದ್ಧಕ್ಕೆ ಮೊದಲು ವೆರ್ದಿನದ ಕೊಳವೆಗಳನ್ನು ಎರಡು ವರ್ಷ ನಿಂತು ಹಾಕಿಸಿದವನು ಅವನೇ.

ಆ ಮನೆಯ ನಿಯಮ ಸರಳವಾದದ್ದು. ಕರಡು ಎಲ್ಲ ದೇಶಗಳ ಮೇಜಿಗೂ ಹೋಗುತ್ತದೆ. ಗಡುವಿನೊಳಗೆ ಯಾರೂ ಬರೆದು ತಕರಾರು ಸಲ್ಲಿಸದಿದ್ದರೆ ಎಲ್ಲರೂ ಒಪ್ಪಿದಂತೆ. ತಕರಾರು ಮಾಡುವುದಕ್ಕೆ ಮೌನ ಮುರಿಯುವುದು ಎಂದು ಹೆಸರು. ಮುರಿದವರು ಕಾರಣವನ್ನು ಬರೆಯಲೇಬೇಕು. ಆ ಕಾರಣ ಹದಿನಾಲ್ಕು ರಾಜಧಾನಿಗಳಿಗೂ ಹೋಗುತ್ತದೆ.

ಬುಧವಾರದ ಸಭೆಯಲ್ಲಿ ಡೆನ್ಮಾರ್ಕಿನ ಕರ್ನಲ್ ಲಿಂಡೆಗೋರ್ ನಕ್ಷೆಯ ಮೇಲೆ ಬೆರಳಿಟ್ಟು, "ಲಾರಿ ಇಳಿಸೋ ಜಾಗ ಇದು. ಹಳೇ ಪಂಪ್‌ಹೌಸು. ಗಟ್ಟಿ ಗೋಡೆ, ಒಳ್ಳೇ ರಸ್ತೆ, ಒಳಗೆ ನರಪಿಳ್ಳೆ ಇಲ್ಲ. ನಾಗರಿಕ ಕಡೆಯಿಂದ ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದ್ದ. ಔಲಿಸ್ ಮೇಜನ್ನೇ ದಿಟ್ಟಿಸಿ ಕೂತಿದ್ದ. ಅವನ ಊರಿನ ನೀರಿನ ಮಂಡಳಿಯಲ್ಲಿ ಒಬ್ಬ ಹಾಗೆ ಮೇಜು ನೋಡುತ್ತ ಕೂತರೆ ಅದಕ್ಕಿಂತ ಬಲವಾದ 'ಬೇಡ' ಇರಲಿಲ್ಲ. ಅಧ್ಯಕ್ಷರು ಕಾಫಿಗೆ ಎದ್ದು, ವಿಷಯವನ್ನು ಮುಂದಿನ ತಿಂಗಳಿಗೆ ದೂಡುತ್ತಿದ್ದರು. ಕರ್ನಲ್ ಮಾತ್ರ ಎರಡು ಕ್ಷಣ ಕಾದು, "ಸರಿ, ನಾಗರಿಕ ಕಡೆಯ ಒಪ್ಪಿಗೆ ಇದೆ" ಎಂದು ಬರೆಸಿಕೊಂಡ. ತನ್ನ ನಾಡಿನ ಮೌನ ಇಲ್ಲಿ ಚಲಾವಣೆಯಲ್ಲಿಲ್ಲವೆಂಬುದು ಔಲಿಸ್‌ಗೆ ಹೊಳೆಯುವಷ್ಟರಲ್ಲಿ ಕುರ್ಚಿಗಳು ಸರಿದಿದ್ದವು.

ಪಂಪ್‌ಹೌಸಿನಲ್ಲಿ ಜನರಿದ್ದರು. ಅದು ಈ ಬ್ಯಾರಕ್ಕಿನಲ್ಲಿ ಅವನೊಬ್ಬನಿಗೇ ಗೊತ್ತು.

ಅಲ್ಲಿನ ಮೇಲ್ವಿಚಾರಕಿ ಸಾನ್ಯಾ ತಿಂಗಳ ಹಿಂದೆ ಯಾರದೋ ಉಪಗ್ರಹ ಫೋನು ಎರವಲು ತಂದು ಕರೆ ಮಾಡಿ, ಒಂದು ಹಟಮಾರಿ ಕವಾಟವನ್ನು ಸದ್ದಿಲ್ಲದೆ ತಿರುಗಿಸುವುದು ಹೇಗೆಂದು ಕೇಳಿದ್ದಳು. ದಿನವೂ ನಸುಕಿನಲ್ಲಿ ಒಂದು ಗಂಟೆ ದೀಪ ಹಚ್ಚದೆ ಪಂಪು ನಡೆಸುತ್ತಾರೆ. ಇನ್ನೂರು ಜನ ಗೋಡೆಗೆ ಒತ್ತಿಕೊಂಡು ಕ್ಯಾನು ಹಿಡಿದು ನಿಲ್ಲುತ್ತಾರೆ. ಆಚೆ ದಡದ ಫಿರಂಗಿಯವರು ಪಂಪು ಸತ್ತಿದೆಯೆಂದು ನಂಬಿರುವುದೇ ಆ ಜನರಿಗಿದ್ದ ಛಾವಣಿ. "ಯಾರ ಹತ್ರಾನೂ ಬಾಯಿ ಬಿಡ್ಬೇಡ, ಔಲಿಸ್," ಎಂದಿದ್ದಳು. "ನಿಮ್ಮ ಸೈನ್ಯದವರ ಹತ್ರ ಅಂತೂ ಬೇಡವೇ ಬೇಡ. ಆಸ್ಪತ್ರೆಗೆ ಗುಂಡು ಹಾಕ್ಬೇಡಿ ಅಂತ ಅದರ ಜಾಗ ಬರೆದುಕೊಟ್ವಿ, ನೆನಪಿದೆಯಾ? ಆ ಕಾಗದ ಎಷ್ಟು ಮನೆ ಸುತ್ತಿತೋ. ಒಂಬತ್ತನೇ ದಿನ ಆಸ್ಪತ್ರೆ ಇರ್ಲಿಲ್ಲ. ನನ್ನ ತಮ್ಮನೂ ಇರ್ಲಿಲ್ಲ." ಹೇಳುವುದಿಲ್ಲ ಎಂದು ಅವನು ಮಾತು ಕೊಟ್ಟಿದ್ದ.

ಈಗ ಲಾರಿಗಳು ಅಲ್ಲಿಗೇ, ಅದೇ ಗಂಟೆಗೆ ಹೋಗುತ್ತವೆ. ಸೈನ್ಯ ಹೋದ ಕಡೆ ಗುಂಡು ಹಿಂಬಾಲಿಸುತ್ತದೆ. ಹೇಳಿದರೆ ಕಾಗದ ಕೊಲ್ಲುತ್ತದೆ, ಹೇಳದಿದ್ದರೆ ಲಾರಿ ಕೊಲ್ಲುತ್ತದೆ. ತಾನಾಗಿ ಸಾನ್ಯಾಳಿಗೆ ಫೋನು ಮಾಡಿ ಎಚ್ಚರಿಸೋಣವೆಂದರೆ ಊರಿನ ತಂತಿಗೆ ಎಷ್ಟು ಕಿವಿಗಳಿವೆಯೋ. ಹೊರಡುವ ದಿನ ಹೊರಬಿದ್ದರೆ ದಾರಿಯಲ್ಲೇ ಲಾರಿಗಳು ಉರಿಯುತ್ತವೆ.

"ಏನೋ ಪೈಪ್ ಮುದುಕ, ಸಾರಲ್ಲಿ ಮುಖ ನೋಡ್ಕೋತಿದೀಯಾ? ಸಾಸಿವೆ ಕಲಸ್ಕೋ, ಸ್ವಲ್ಪ ಕಳೆ ಬರುತ್ತೆ," ಎನ್ನುತ್ತ ತೈನಾ ಹೌಟಲ ಎದುರಿಗೆ ಕೂತಳು. ಫಿನ್ಲೆಂಡಿನ ಪರವಾಗಿ ಆ ಮನೆಯಲ್ಲಿ ಸಹಿ ಹಾಕುವ ಮೇಜರ್ ಅವಳೇ.

"ತೈನಾ, ಮೌನ ಮುರೀಬೇಕು."

ರೈ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ ಅವಳ ಕೈ ನಿಂತಿತು. "ಹೋದ ತಿಂಗಳು ಒಂದ್ಸಲ ಮುರಿದಿದ್ದಕ್ಕೇ ನಮ್ಮನ್ನ ನೋಡಿದ್ರೆ ಬಾಗಿಲು ಹಾಕ್ಕೋತಾರೆ. ಕಾರಣ ಏನು?"

"ಅಂಗಳದ ಕೆಳಗೆ ಹಳೇ ತೊಟ್ಟಿ ಇದೆ. ಹನ್ನೆರಡು ಟನ್ನಿನ ಲಾರಿ ನಿಂತ್ರೆ ಕುಸಿಯುತ್ತೆ."

"ನಿನ್ನೆ ಯಾಕೆ ಹೇಳ್ಲಿಲ್ಲ?"

"ನಿನ್ನೆ ನೆನಪಾಗ್ಲಿಲ್ಲ."

ಅವಳು ಅವನ ಮುಖವನ್ನು ದೀರ್ಘವಾಗಿ ಓದಿದಳು. "ನಿಮ್ಮೂರಿನ ಒಂದೊಂದು ನಲ್ಲಿಯ ಹುಟ್ಟಿದ ದಿನ ಹೇಳ್ತೀಯ. ಒಂದು ತೊಟ್ಟಿ ನೆನಪಾಗ್ಲಿಲ್ಲ ಅಂತೀಯಾ. ಔಲಿಸ್, ಇದು ನಿಜಾನಾ?"

"ಸಹಿ ಹಾಕು," ಎಂದ. ದನಿ ತನ್ನದೆನಿಸಲಿಲ್ಲ, ಒಣಗಿದ ಕೊಳವೆಯೊಳಗಿನಿಂದ ಬಂದಂತಿತ್ತು. "ದಮ್ಮಯ್ಯ ಅಂತೀನಿ. ಇನ್ನೇನೂ ಕೇಳ್ಬೇಡ."

ಎರಡಕ್ಕೆ ಹತ್ತು ನಿಮಿಷವಿರುವಾಗ ಅವಳು ಸಹಿ ಹಾಕಿದಳು. ಮುಚ್ಚಳ ಹಾಕುವಾಗ ಪೆನ್ನು ಅವಳ ಕೈಯಿಂದ ಜಾರಿ ಬಿತ್ತು. ಇಬ್ಬರೂ ಅದನ್ನು ಎತ್ತಿಕೊಳ್ಳಲಿಲ್ಲ.

ಮೂರು ಗಂಟೆಗೆ ಕರ್ನಲ್ ಕರೆಸಿದ. ಕಿಟಕಿಯಾಚೆ ಕಡಲು ಸೀಸದ ತಗಡಿನಂತೆ ಬಿದ್ದುಕೊಂಡಿತ್ತು. ಲಿಂಡೆಗೋರ್ ಬಾಗಿಲು ಮುಚ್ಚಿ, ಮೇಜಿನ ಮೇಲೊಂದು ಚಿತ್ರವನ್ನು ಅವನತ್ತ ತಿರುಗಿಸಿಟ್ಟ. ಎತ್ತರದಿಂದ ತೆಗೆದ ಪಂಪ್‌ಹೌಸಿನ ಅಂಗಳ. ನಡುವೆ ಒಂದು ಭಾರಿ ಟ್ಯಾಂಕರು.

"ಹೋದ ವರ್ಷದ್ದು," ಎಂದ ಕರ್ನಲ್. "ಹದಿನೆಂಟು ಟನ್ ಇರ್ಬೇಕು. ಕುಸಿದ ಹಾಗೆ ಕಾಣ್ತಿಲ್ಲ. ನಾನು ಮೂವತ್ತು ವರ್ಷ ಸೇತುವೆ ಕಟ್ಟಿದೋನು, ರೀಕ್ಕಿನೆನ್. ನಿಮಗೆ ಸುಳ್ಳು ಹೇಳೋಕೆ ಬರಲ್ಲ. ಆ ವಿಷಯದಲ್ಲಿ ನನ್ನ ಹೆಂಡತಿಯ ನಾಯಿ ನಿಮಗಿಂತ ವಾಸಿ."

ಔಲಿಸ್ ಚಿತ್ರದಿಂದ ಕಣ್ಣು ತೆಗೆಯಲಿಲ್ಲ. ಈಗ ಕಾರಣ ಕೇಳುತ್ತಾನೆ. ಕೇಳಿದರೆ ತಾನು ಹೇಳಿಬಿಡುತ್ತೇನೆ. ಗೋಡೆಗೆ ಒತ್ತಿಕೊಂಡ ಆ ಇನ್ನೂರು ಮೈಗಳು ಒಂದೊಂದಾಗಿ ತನ್ನ ಬಾಯಿಯಿಂದಲೇ ಹೊರಬೀಳುತ್ತವೆ.

ಕರ್ನಲ್ ಚಿತ್ರವನ್ನು ಬೋರಲು ಮಾಡಿದ. "ನಾನು ಕಾರಣ ಕೇಳಲ್ಲ. ಕೇಳಿದ್ರೆ ಬರೀಬೇಕು, ಬರೆದ್ರೆ ಕಳಿಸ್ಬೇಕು. ಸುಳ್ಳು ಬರೆಯೋದು ಗೊತ್ತಿಲ್ಲದೋನು ಸುಳ್ಳು ಬರೆದಿದಾನೆ ಅಂದ್ರೆ ಅದು ಯಾವ ಜಾತಿಯ ಕಾರಣ ಅಂತ ಊಹಿಸೋ ಅಷ್ಟು ಬುದ್ಧಿ ನನಗಿದೆ. ತೊಟ್ಟಿ ಇದೆ ಅಂತಲೇ ಇಟ್ಕೊಳೋಣ."

ಔಲಿಸ್ ಕುರ್ಚಿಯ ಬೆನ್ನನ್ನು ಹಿಡಿದುಕೊಂಡ. ನಿನ್ನೆಯಿಂದ ಎದೆಯೊಳಗೆ ಬಿಗಿದಿದ್ದ ತಿರುಪೊಂದು ಅರ್ಧ ಸುತ್ತು ಸಡಿಲವಾಯಿತು. ಆ ಅರ್ಧವನ್ನು ಕರ್ನಲ್ಲನ ಮುಂದಿನ ಮಾತು ಮತ್ತೆ ಬಿಗಿಯಿತು.

"ಆದ್ರೆ ದಿನ ಮುಂದಕ್ಕೆ ಹಾಕೋಕಾಗಲ್ಲ. ಅಲ್ಲಿ ಸಕ್ಕರೆ ಕಾಯಿಲೆಯ ಮಕ್ಕಳ ಔಷಧಿ ಭಾನುವಾರಕ್ಕೆ ಮುಗಿಯುತ್ತೆ. ಬೇರೆ ಜಾಗ ಅಂದ್ರೆ ಒಂದೇ. ಊರಾಚೆ ಇಟ್ಟಿಗೆ ಗೂಡು." ಹೊಸ ಕರಡನ್ನು ಮುಂದೆ ತಳ್ಳಿದ. "ನಾಗರಿಕ ಕಡೆಯ ಅಭಿಪ್ರಾಯ. ತುಂಬಿ ಕೊಡಿ."

ಔಲಿಸ್ ಆ ಖಾಲಿ ಚೌಕವನ್ನು ನೋಡಿದ. ಇಟ್ಟಿಗೆ ಗೂಡಿನ ಕಡೆಗೆ ಅವನು ಒಂದೇ ಒಂದು ಕೊಳವೆಯನ್ನೂ ಹಾಕಿಸಿರಲಿಲ್ಲ. ಅಲ್ಲಿಂದ ಯಾರೂ ಅವನಿಗೆ ಫೋನು ಮಾಡಿರಲಿಲ್ಲ. ತಾನು ಬಲ್ಲ ಜನರನ್ನು ಉಳಿಸಲು ಸಾವನ್ನು ತಾನರಿಯದ ಮನೆಯ ಬಾಗಿಲಿಗೆ ಕಳಿಸುತ್ತಿದ್ದೇನೆಯೇ ಎಂಬ ಯೋಚನೆ ಬಂತು. 'ತಕರಾರಿಲ್ಲ' ಎಂದು ಬರೆಯುವುದು ಬಹಳ ಸುಲಭವಾಗಿತ್ತು; ಎಲ್ಲರೂ ಬರೆಯುವುದೇ ಅದನ್ನು. ಅವನು ಬರೆದದ್ದು ಒಂದೇ ಪದ: ಗೊತ್ತಿಲ್ಲ.

ಕರ್ನಲ್ ಓದಿ ಹುಬ್ಬೇರಿಸಿದ. "ಈ ಚೌಕದಲ್ಲಿ ಈ ಪದಾನ ನಾನು ಇದುವರೆಗೂ ನೋಡಿಲ್ಲ. ಹದಿನಾಲ್ಕು ದೇಶ ನಗುತ್ತೆ."

"ನಗಲಿ."

"ಗೊತ್ತಿಲ್ಲ ಅಂತ ಬರೆದ ಮೇಲೆ ಲಾರಿಗಳು ಒಂದು ಕಿಲೋಮೀಟರ್ ಹಿಂದೇನೇ ನಿಲ್ಬೇಕು. ನೋಡಿ ಆಮೇಲೆ ಹೋಗ್ಬೇಕು. ಬಯಲಲ್ಲಿ ನಿಲ್ಲೋರು ನನ್ನ ಹುಡುಗರು. ಅದು ಗೊತ್ತಿದೆಯಲ್ಲ?"

"ಗೊತ್ತಿದೆ," ಎಂದ ಔಲಿಸ್. ಗೊತ್ತಿದ್ದದ್ದರಿಂದಲೇ ಕಣ್ಣೆತ್ತಲಾಗಲಿಲ್ಲ.

ಹೊಸ ಕರಡಿನ ಮೇಲೆ ಶುಕ್ರವಾರ ಯಾರೂ ತಕರಾರು ತೆಗೆಯಲಿಲ್ಲ.

ಶನಿವಾರ ನಸುಕಿನಲ್ಲಿ ಹತ್ತೆಂಟು ಮಂದಿ ಒಂದು ಪರದೆಯ ಮುಂದೆ ನಿಂತಿದ್ದರು. ವೆರ್ದಿನದ ಮೇಲೆ ಎತ್ತರದಲ್ಲಿ ಹಾರುತ್ತಿದ್ದ ಯಂತ್ರವೊಂದು ಬೂದು ಬಣ್ಣದ ಊರನ್ನು ಕಳಿಸುತ್ತಿತ್ತು: ನದಿ ಒಂದು ಗೀರು, ಮನೆಗಳು ಮುರಿದ ಹಲ್ಲುಗಳು. ಕೆಳಗಿನಿಂದ ಆರು ಲಾರಿಗಳೂ ಎರಡು ಕವಚದ ಗಾಡಿಗಳೂ ತೆವಳಿ ಬಂದು ಬರಿಯ ಬಯಲಿನಲ್ಲಿ ನಿಂತವು. ಪರದೆಯ ಮೇಲಿನ ಮೂಲೆಯಲ್ಲಿ ಪಂಪ್‌ಹೌಸು ಇತ್ತು. ಅದನ್ನು ನೋಡಕೂಡದೆಂದು ಔಲಿಸ್ ತನಗೆ ತಾನೇ ಹೇಳಿಕೊಂಡಿದ್ದ, ನೋಡಿದ. ಗೋಡೆಯುದ್ದಕ್ಕೂ ಸಾಸಿವೆ ಚೆಲ್ಲಿದಂತೆ ಚುಕ್ಕಿಗಳು.

"ಕರ್ನಲ್, ಆ ಮೂಲೇಲಿ ಏನೋ ಇದೆ," ಎಂದ ಪರದೆ ಕಾಯುತ್ತಿದ್ದ ಲೆಫ್ಟಿನೆಂಟು. "ಚುಕ್ಕಿ ಚುಕ್ಕಿ. ಹತ್ತಿರ ತರ್ಲಾ?"

ಹತ್ತಿರ ತಂದರೆ ಅದು ದಾಖಲಾಗುತ್ತದೆ. ದಾಖಲಾದದ್ದು ರಾಜಧಾನಿಗಳನ್ನು ಸುತ್ತಲು ಹೊರಡುತ್ತದೆ.

"ಕುರಿ," ಎಂದ ಲಿಂಡೆಗೋರ್, ಅತ್ತ ತಿರುಗದೆಯೇ. "ನೀನು ಕುರಿ ಎಣಿಸಿ ನಿದ್ದೆ ಮಾಡೋಕೆ ಬಂದಿದೀಯಾ? ಗೂಡಿನ ಮೇಲೆ ಕಣ್ಣಿಡು."

ಚಿತ್ರ ಗೂಡಿನತ್ತ ಸರಿಯಿತು. ಪಂಪ್‌ಹೌಸು ಅಂಚಿನಲ್ಲಿ ಬೆರಳುಗುರಿನಷ್ಟು ಉಳಿಯಿತು. ಗೂಡಿನ ಚಿಮಣಿಯಿಂದ ತೆಳ್ಳನೆಯ ಹೊಗೆ ಏಳುತ್ತಿತ್ತು. ಸೂಜಿಗೆ ಪೋಣಿಸುವಷ್ಟು ತೆಳ್ಳಗೆ.

"ಯಾರೋ ಇದಾರೆ," ಎಂದ ಕರ್ನಲ್ ಮೆಲ್ಲಗೆ. "ನಮ್ಮ ಕ್ರಮ ಅಂದ್ರೆ ಎರಡು ಕವಚದ ಗಾಡಿ ಮುಂದೆ, ಬಂದೂಕು ಸಿದ್ಧ. ನಿಮ್ಮ ಕ್ರಮ ಹೇಳಿ."

ಔಲಿಸ್ ಈ ಸಲ ಮೇಜನ್ನು ನೋಡಲಿಲ್ಲ. "ಒಬ್ರು ಹೋಗ್ಲಿ. ನಡ್ಕೊಂಡು. ಬಂದೂಕು ಬೇಡ, ಎರಡೂ ಕೈ ಕಾಣೋ ಹಾಗೆ."

"ಆ ಒಬ್ರು ಸತ್ರೆ?"

"ನಾನು ಹೇಳಿದ್ದು ಅಂತ ಬರೀರಿ. ಎಲ್ಲಾ ಕಡೆಗೂ ಕಳಿಸಿ."

ಕರ್ನಲ್ ಅವನನ್ನೊಮ್ಮೆ ನೋಡಿ, ಮೈಕು ಎತ್ತಿಕೊಂಡ. ಮುಂದಿನ ಲಾರಿಯಿಂದ ಒಂದು ಚುಕ್ಕಿ ಇಳಿದು ನಡೆಯತೊಡಗಿತು. ಆ ಒಂದು ಕಿಲೋಮೀಟರ್ ದಾರಿಯಲ್ಲಿ ಔಲಿಸ್‌ನ ಮೂವತ್ತೈದು ವರ್ಷಗಳ ನೌಕರಿಗಿಂತ ಹೆಚ್ಚು ಹೊತ್ತು ಸರಿಯಿತು. ಅರ್ಧ ದಾರಿಯಲ್ಲಿ ಚಿಮಣಿಯ ಹೊಗೆ ತಟ್ಟನೆ ನಿಂತಿತು. ಒಳಗಿನವರು ಒಲೆ ನಂದಿಸಿದ್ದರು, ಅವರೂ ಹೆದರಿದ್ದರು. ಚುಕ್ಕಿ ನಿಂತಿತು. ಆಮೇಲೆ ಮತ್ತೆ ನಡೆಯಿತು. ಗೂಡಿನ ಬಾಯಿಯಿಂದ ಇನ್ನೊಂದು ಚುಕ್ಕಿ ಹೊರಬಂದಿತು.

ರೇಡಿಯೋ ಗೊರಗುಟ್ಟಿತು. "ಮೂವತ್ತೊಂದು ಜನ. ಹೆಂಗಸರು, ಮಕ್ಕಳು. ಮನೆ ಕಳ್ಕೊಂಡೋರು. ಯಾವ ಪಟ್ಟಿಯಲ್ಲೂ ಇಲ್ವಂತೆ."

ತೈನಾ ಔಲಿಸ್‌ನ ತೋಳನ್ನು ಹಿಡಿದುಕೊಂಡಳು. ಕರ್ನಲ್ ಮೈಕಿನಲ್ಲಿ, "ಗೂಡಿನ ಹತ್ರ ಒಂದು ಚಕ್ರವೂ ಹೋಗ್ಬಾರ್ದು. ಅಲ್ಲೇ, ಬಯಲಲ್ಲೇ ಇಳಿಸಿ. ಬೇಗ," ಎಂದ.

"ಮರೆಯೇ ಇಲ್ಲ, ಕರ್ನಲ್. ಎಷ್ಟೇ ಬೇಗ ಅಂದ್ರೂ ನಲವತ್ತು ನಿಮಿಷ ಬೇಕು."

"ನನಗೆ ಲೆಕ್ಕ ಬರುತ್ತೆ. ಇಳಿಸಿ."

ಪೆಟ್ಟಿಗೆಗಳು ಒಂದೊಂದಾಗಿ ಹುಲ್ಲಿನ ಮೇಲೆ ಇಳಿಯತೊಡಗಿದವು. ಯಾರದೋ ಮಕ್ಕಳಾದ ಸೈನಿಕರ ಸಣ್ಣ ಸಣ್ಣ ಆಕೃತಿಗಳು ಬಾಗಿ ಏಳುತ್ತಿದ್ದವು. ಬೂದು ಬಣ್ಣ ಮೆಲ್ಲಗೆ ತಿಳಿಯಾಗುತ್ತಿತ್ತು. ಲಾರಿಗಳಿಗೆ ಉದ್ದುದ್ದ ನೆರಳು ಹುಟ್ಟಿದವು. ಆಚೆ ದಡದಲ್ಲಿ ಯಾರೋ ಎದ್ದು ಮುಖ ತೊಳೆದು ದುರ್ಬೀನು ಒರೆಸಿಕೊಳ್ಳುತ್ತಿರಬಹುದು. ಔಲಿಸ್ ಜೀವನದಲ್ಲಿ ಮೊದಲ ಬಾರಿಗೆ ಬೆಳಕನ್ನು ದ್ವೇಷಿಸಿದ.

ಮೂಲೆಯಲ್ಲಿ ಪಂಪ್‌ಹೌಸಿನ ಗೋಡೆ ಬರಿದಾಗುತ್ತಿತ್ತು. ಕ್ಯಾನು ತುಂಬಿಸಿಕೊಂಡ ಚುಕ್ಕಿಗಳು ಬೀದಿಗಳೊಳಗೆ ಇಂಗಿಹೋದವು. ಕೊನೆಯದೊಂದು ಬಾಗಿಲ ಬಳಿ ನಿಂತಿತ್ತು, ಬೀಗ ಹಾಕುತ್ತಿತ್ತೋ ಏನೋ. ಅದೂ ಹೋಯಿತು.

ಬಯಲಿನಲ್ಲಿ ಇನ್ನೂ ಮೂರು ಲಾರಿಗಳನ್ನು ಇಳಿಸುವುದು ಬಾಕಿ ಇತ್ತು.